ಫಾಸಿ ಪ್ಲಸ್ ಇಷ್ಟ

ಅಲ್ಲ, ಬೇರೆ ಎಂತ ಬೇಕಾದ್ರೂ ಬರಿ, ಅದನ್ನು ಮಾತ್ರ ಬರೀಬೇಡ ಮಾನಸ. ಮೊನ್ನೆ ಕಾರಲ್ಲಿ ಬರುವಾಗ ಹೇಳಿದ್ದೆನಲ್ಲ, ಫ್ಯಾಸಿಸ್ಟ್ ಅಂದ್ರೆ ಫಾಸಿ ಪ್ಲಸ್ ಇಷ್ಟ, ಜನರನ್ನು ಫಾಸಿಗೆ ಹಾಕುವುದು ಯಾರಿಗೆ ಇಷ್ಟವೋ ಅವ ಫಾಸಿಷ್ಟ ಅಂತ, ಅದು ಸುಳ್ಳು. ನೀನು ಅದನ್ನು ನೋಟ್ಸಲ್ಲಿ ಕೆಂಪು ಪೆನ್ನಲ್ಲಿ ಬರೆದು ಕೆಳಗೆ ಗೆರೆ ಬೇರೆ ಎಳೆದಿದ್ದೀ, ಈಗ ನೋಡಿದೆ. ಮಗಳೇ, ನೀನು ನಂಬುತ್ತೀ ಅಂತ ನಾನು ಹೇಳಿದ್ದಲ್ಲ, ನಗುತ್ತೀ ಅಂತ ಹೇಳಿದ್ದು. ಬಾ, ಈ ಮೆಟ್ಟಿಲಲ್ಲಿ ಕೂತ್ಕೋ. ರಿಯಾ, ನೀನೂ ಕೂತ್ಕೋ, ನೀನು ಪಕ್ಕದ ವಿಲ್ಲಾದವಳಾದ್ರೂ ನಿನಗೂ ನಾಳೆ ಇದೇ ಪರೀಕ್ಷೆ ಅಲ್ವಾ. “ಅಂಕಲ್, ಈಸ್ ಇಟ್ ಎ ಲಾಂಗ್ ಸ್ಟೋರಿ?” ಅಂತೆ. ಲಾಂಗ್ ಅಲ್ಲ ಮಾರಾಯ್ತಿ. ಎಸಿ ಇಲ್ಲದೆ ಹೊರಗೆ ಕೂರುವ ಹವೆ ಇಲ್ಲಿ ವರ್ಷಕ್ಕೆ ನಾಲ್ಕು ತಿಂಗಳು, ಅದರಲ್ಲಿ ಅರ್ಧ ಗಂಟೆ ನನಗೆ ಕೊಡು.

ಆಗ ನಾವು ಅಬುಧಾಬಿಯ ಈ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ಅಲ್ಲ, ಅಲ್ ಐನ್ ಅನ್ನುವ ಊರಲ್ಲಿ. ನಾನು ಅಲ್ಲಿ ಒಂದು ಇಂಡಿಯನ್ ಶಾಲೆಯಲ್ಲಿ ಬಸ್ ಗುಮಾಸ್ತ. ಯಾವ ಮಗು ಯಾವ ಬಸ್ಸು, ಯಾರು ಹತ್ತಲಿಲ್ಲ, ಯಾರ ನೀರಿನ ಬಾಟ್ಲಿ ಸೀಟಿನಡಿಯಲ್ಲಿ ಉಳಿಯಿತು, ಅದೇ ಕೆಲಸ. ನಿನ್ನಮ್ಮ ವಿಸಿಟ್ ವೀಸಾದಲ್ಲಿ ಬಂದಿದ್ದಳು, ಎರಡು ಸೂಟ್‌ಕೇಸ್ ತಂದಿದ್ದಳು, ಅಲ್ಲ, ಒಂದೇ, ಇನ್ನೊಂದರಲ್ಲಿ ಪೂರ್ತಿ ಹಪ್ಪಳ ಇತ್ತು, ಅದನ್ನು ಸೂಟ್‌ಕೇಸ್ ಅನ್ನಲಿಕ್ಕಾಗುವುದಿಲ್ಲ. ನೀನು ಅವಳ ಹೊಟ್ಟೆಯಲ್ಲಿ. ಒಂದು ವಿಲ್ಲಾವನ್ನು ಪ್ಲೈವುಡ್ ಹಾಕಿ ಏಳು ಪಾಲು ಮಾಡಿದ್ರು, ಅದರಲ್ಲಿ ನಮ್ಮದು ಒಂದು, ಗೋಡೆಯಾಚೆ ಯಾರಾದ್ರೂ ಸೀನಿದ್ರೆ ನಾವು ಈಚೆಯಿಂದ “ಚಿರಂಜೀವಿ” ಅನ್ನಬಹುದು, ಅಷ್ಟು ತೆಳು. ವಿಸಿಟ್ ವೀಸಾ ಮುಗೀತಾ ಬಂತು, ಇನ್ನೊಂದೇ ಸಲ ಮುಂದೆ ಹಾಕಿಸ್ಬಹುದು. ಗುಮಾಸ್ತನ ಸಂಬಳಕ್ಕೆ ಹೆಂಡತಿಗೆ ವೀಸಾ ಕೊಡ್ತಿರಲಿಲ್ಲ, ಗೊತ್ತುಂಟಲ್ಲ. ಟೀಚರಾದ್ರೆ ಕೊಡ್ತಿದ್ರು. ಮತ್ತೆ ಏಳನೇ ತಿಂಗಳು ದಾಟಿದ್ರೆ ವಿಮಾನಕ್ಕೂ ಹತ್ತಿಸುವುದಿಲ್ಲ. ಅಂದ್ರೆ ಅವಳು ಒಂದೋ ಇಲ್ಲೇ ಕಾಗದ ಸರಿಮಾಡ್ಕೊಂಡು ಇರಬೇಕು, ಇಲ್ಲ ಏಳು ತುಂಬುವ ಮೊದಲು ಒಬ್ಬಳೇ ಊರಿಗೆ ಹೋಗ್ಬೇಕು. ಹೋದ್ರೆ ನಾನು ನಿನ್ನನ್ನು ನೋಡುವುದು ಯಾವಾಗ? ದಿನಾ ಅದೊಂದೇ. ಹಲ್ಲುಜ್ಜುವಾಗ ಅದೇ, ಬಸ್ಸಿನ ಪಟ್ಟಿ ಬರೆಯುವಾಗ ಅದೇ.

ಆಗ ಒಂಬತ್ತನೇ ಕ್ಲಾಸಿನ ಇತಿಹಾಸದ ಮೇಷ್ಟ್ರು ಇದ್ದಕ್ಕಿದ್ದಂತೆ ಕೆನಡಾಕ್ಕೆ ಹೋದ್ರು. ಲೋಬೋ ಮೇಡಂ ಅಂತ ಸೂಪರ್‌ವೈಸರ್, ಬಂಟ್ವಾಳ ಕಡೆಯ ಕೊಂಕಣಿಯವರು, ಕೈಯಲ್ಲಿ ಸದಾ ಒಂದು ಸ್ಟೀಲ್ ಸ್ಕೇಲು. ಬಸ್ಸಿನ ಹತ್ರ ಬಂದು ಕೇಳಿದ್ರು, “ವಾಮನ್, ನೀವು ಎಂತ ಓದಿದ್ದು?” ನಾನು ಓದಿದ್ದು ಬಿಕಾಂ, ಅದೂ ಎರಡು ವರ್ಷ, ಮೂರನೇ ವರ್ಷ ಕಾಲೇಜಿನ ಕಡೆ ತಲೆ ಹಾಕಿ ಮಲಗಿದವನೂ ಅಲ್ಲ. ನಾನು ಹೇಳಿದೆ, “ಎಂಎ ಹಿಸ್ಟರಿ, ಮೇಡಂ.” ಬಾಯಿ ತಾನೇ ಹೇಳಿತು. “ಅದು ಇಷ್ಟು ದಿನ ಯಾಕೆ ಹೇಳ್ಲಿಲ್ಲ ಮಾರಾಯ್ರೆ?” “ನೀವು ಕೇಳ್ಲಿಲ್ಲ, ಮೇಡಂ.” “ಸರ್ಟಿಫಿಕೇಟು?” “ಊರಿಂದ ಬರ್ತಾ ಉಂಟು.” ಅವರು ಹೇಳಿದ್ರು, ಈ ಟರ್ಮ್ ಪಾಠ ಮಾಡಿ, ಪರೀಕ್ಷೆಯ ಪೇಪರು ತಿದ್ದಿ ಕೊಡಿ, ಮಕ್ಕಳು ಚೆನ್ನಾಗಿ ಬರೆದಿದ್ರೆ ಟೀಚರ್ ಅಂತ ಕಾಗದಕ್ಕೆ ಸೈನು ಮಾಡಿಸ್ತೇನೆ. ನಿನ್ನಮ್ಮನಿಗೆ ಹೇಳಿದಾಗ ಅವಳು ನಗ್ಲಿಲ್ಲ. “ಪಾಠ ಎಂತದ್ದು?” ಅಂತ ಮಾತ್ರ ಕೇಳಿದ್ಳು. “ಯುರೋಪು,” ಅಂದೆ.

ಮೊದಲ ದಿನ, ಪುಸ್ತಕ ಬೆಳಿಗ್ಗೆ ಬಸ್ಸಲ್ಲಿ ಒಂದೂವರೆ ಪುಟ ಓದಿದ್ದೆ ಅಷ್ಟೆ, ಕ್ಲಾಸಿನ ಒಳಗೆ ಹೋದದ್ದೇ ತಡ, ಮುಂದಿನ ಬೆಂಚಿನ ನಸೀಮಾ ಅಂತ ಹುಡುಗಿ, ಎರಡು ಜಡೆ, ಕಾಸರಗೋಡಿನವಳು, ಕೈಯೆತ್ತಿದ್ಳು. “ಸರ್, ವಾಟ್ ಈಸ್ ದ ಮೀನಿಂಗ್ ಆಫ್ ಫ್ಯಾಸಿಸ್ಟ್?” ಆ ಒಂದೂವರೆ ಪುಟದಲ್ಲಿ ಅದು ಇರ್ಲಿಲ್ಲ. ಬೋರ್ಡಿನ ಕಡೆ ತಿರುಗಿದೆ, ಕೈ ತಾನೇ ಬರೆಯಿತು, ಫಾಸಿ ಪ್ಲಸ್ ಇಷ್ಟ. ಹಿಂದಿ ಮಕ್ಕಳಿಗೆ ಫಾಸಿ ಗೊತ್ತು, ನಮ್ಮ ಕಡೆಯವರಿಗೆ ಎರಡೂ ಗೊತ್ತು, ಕ್ಲಾಸಿಗೆ ಕ್ಲಾಸೇ ಹೋ ಅಂತ ನಕ್ಕಿತು. ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸ್ಲಿಲ್ಲ. “ಇದು ಸಂಸ್ಕೃತ, ಇಟಲಿಯವರು ನಮ್ಮಿಂದ ತಕೊಂಡದ್ದು. ಪುಸ್ತಕ ಬರೆದವರಿಗೆ ಇದು ಗೊತ್ತುಂಟು, ಬೇಕಂತ ಬಚ್ಚಿಡ್ತಾರೆ. ಯಾರಾದ್ರೂ ಬಂದು ಇದು ಸುಳ್ಳು ಅಂತ ಹೇಳಿದ್ರೆ ತಿಳ್ಕೊಳ್ಳಿ, ಅವರೂ ಬಚ್ಚಿಡುವವರೇ.” ನೋಡಿ, ಇದು ನೆನಪಿಟ್ಕೊಳ್ಳಿ. ಈ ಮಾತು ನಾನೇ ಹೇಳಿದ್ದು, ಸೀಮೆಸುಣ್ಣ ಕೈಯಲ್ಲಿ ಹಿಡ್ಕೊಂಡು.

ಮತ್ತೆ ಕೇಳ್ಬೇಡಿ. ಇಟಲಿಯ ಸರ್ವಾಧಿಕಾರಿಯ ವೇಷ ಮಾಡ್ಲಿಕ್ಕೆ ಮೇಜಿನ ಮೇಲೆ ಹತ್ತಿದೆ, ಗಲ್ಲ ಮುಂದೆ, ಕೈ ಸೊಂಟಕ್ಕೆ. ಅವನ ಪಕ್ಷದ ಕರಿ ಅಂಗಿಯವರೆಲ್ಲ ಮಳೆಯಲ್ಲಿ ನಡ್ಕೊಂಡು ರೋಮಿಗೆ ಹೋದದ್ದು, ಅವ ಹಿಂದಿನಿಂದ ರೈಲಲ್ಲಿ ಮಲಗಿ ಬಂದದ್ದು, ಅದು ನಿಜ, ಪುಸ್ತಕದಲ್ಲೇ ಉಂಟು. ಎದುರು ಮಾತಾಡಿದವರನ್ನು ಹಿಡಿದು ಹರಳೆಣ್ಣೆ ಕುಡಿಸುತ್ತಿದ್ದದ್ದೂ ನಿಜ. ಹರಳೆಣ್ಣೆ ಕುಡಿದವ ಓಡುವುದು ಹೇಗೆ ಅಂತ ನಾನು ಕ್ಲಾಸಿಡೀ ಓಡಿ ತೋರಿಸಿದೆ. ಜರ್ಮನಿಯವನಿಗೆ ಡಸ್ಟರನ್ನು ಮೂಗಿನಡಿ ಹಿಡಿದು ಮೀಸೆ. ಅವನ ಭಾಷಣಕ್ಕೆ ನಾನು ಊರಿನ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಕರೆಯುವವನ ಸ್ವರ ಹಾಕಿದೆ, “ಪೋಲೆಂಡ್, ಪೋಲೆಂಡ್, ಫ್ರಾನ್ಸ್, ಬಲ ಬಲ, ಬೇಗ ಬನ್ನಿ, ಎದುರು ಸೀಟು ಖಾಲಿ.” ನೋಟಿಗೆ ಬೆಲೆ ಹೋಗಿ ಜನ ಹಸಿದದ್ದು, ಕೆಲಸ ಇಲ್ಲದ್ದು, ಆಗ ಇವ ಬಂದು ಎಲ್ಲ ಆ ಯಹೂದಿಗಳಿಂದಲೇ ಆದದ್ದು ಅಂತ ಬೆರಳು ತೋರಿಸಿದ್ದು, ಮನೆಮನೆಗೆ ಅಗ್ಗದ ರೇಡಿಯೋ ಹಂಚಿದ್ದು, ಪಾರ್ಲಿಮೆಂಟು ಸುಟ್ಟದ್ದು, ಮತ್ತೆ ಒಂದು ಕಾನೂನಿಗೆ ಎಲ್ಲರೂ ಕೈಯೆತ್ತಿ ಪೂರ್ತಿ ಅಧಿಕಾರ ಅವನ ಕೈಗೆ ಕೊಟ್ಟದ್ದು. ಎಲ್ಲರೂ ಅಲ್ಲ, ಎತ್ತದವರೂ ಇದ್ರು, ಕೆಲವರು ಆಗಲೇ ಜೈಲಲ್ಲಿದ್ರು, ಅದು ನಾನು ಹೇಳ್ಲಿಲ್ಲ. ಎಲ್ಲಕ್ಕೂ ಒಂದೊಂದು ಸ್ವರ, ಒಂದೊಂದು ಕುಣಿತ. ಬೇರೆ ಸೆಕ್ಷನ್ ಮಕ್ಕಳು ಕಿಟಕಿಯಲ್ಲಿ. ಲೋಬೋ ಮೇಡಂ ಕೂಡ ಬಾಗಿಲಲ್ಲಿ ನಿಂತು ಸ್ಕೇಲಿನಿಂದ ಬಾಯಿ ಮುಚ್ಚಿ ನಕ್ಕದ್ದು ನಾನು ನೋಡಿದ್ದೇನೆ. ಕೊನೆಗೆ ಇಟಲಿಯವ ಜರ್ಮನ್ ಸಿಪಾಯಿಯ ಕೋಟು ಹಾಕ್ಕೊಂಡು ಲಾರಿಯಲ್ಲಿ ಓಡಿ ಹೋಗುವಾಗ ಸಿಕ್ಕಿಬಿದ್ದ, ಗುಂಡು ಹೊಡೆದು ಹೆಣವನ್ನು ಪೆಟ್ರೋಲ್ ಪಂಪಿನಲ್ಲಿ ತಲೆಕೆಳಗೆ ನೇತುಹಾಕಿದ್ರು. ಜರ್ಮನಿಯವ ನೆಲದಡಿಯ ಕೋಣೆಯಲ್ಲಿ ತನ್ನ ಕೈಯಾರೆ ಸತ್ತ. “ನೋಡಿ ಮಕ್ಕಳೇ, ಫಾಸಿ ಇಷ್ಟ ಅಂದವನ ಕಥೆ ಪೆಟ್ರೋಲ್ ಪಂಪಲ್ಲಿ ಖಲಾಸ್.” ಚಪ್ಪಾಳೆ. ಪಾಠಕ್ಕೆ ಚಪ್ಪಾಳೆ ಹೊಡೆದದ್ದನ್ನು ನೀವು ಕೇಳಿದ್ದೀರಾ?

ಮಧ್ಯೆ ಒಂದು ಪುಟ ಇತ್ತು. ಆ ಶಿಬಿರಗಳದ್ದು. ಯಹೂದಿಗಳನ್ನು, ಬೇರೆಯವರನ್ನೂ, ರೈಲಲ್ಲಿ ತುಂಬಿ ಕರ್ಕೊಂಡು ಹೋಗಿ ಕೊಂದದ್ದು. ಬಸ್ಸಲ್ಲಿ ಓದಿದೆ, ಎಂತ ಸ್ವರ ಹಾಕುವುದು ಅಂತ ತಿಳೀಲಿಲ್ಲ. ನಗುವ ಜಾಗ ಒಂದೂ ಇಲ್ಲ. “ಇದನ್ನು ಮನೆಯಲ್ಲಿ ಓದ್ಕೊಳ್ಳಿ,” ಅಂತ ಹೇಳಿ ಪುಟ ತಿರುಗಿಸಿದೆ.

ಪರೀಕ್ಷೆ ಆಯ್ತು. ಪೇಪರ್ ಕಟ್ಟು ತಂದು ನೆಲದ ಮೇಲೆ ಹರಡಿ ಕೂತೆ, ನಿನ್ನಮ್ಮ ಕಾಲು ಚಾಚಿ ಗೋಡೆಗೆ ಒರಗಿದ್ಳು, ಆರೂವರೆ ತಿಂಗಳು, ಕಾಲು ಬಾತಿತ್ತು. ಮೊದಲ ಪೇಪರು, ಫಾಸಿ ಪ್ಲಸ್ ಇಷ್ಟ. ಎರಡನೆಯದ್ದು, ಫಾಸಿ ಪ್ಲಸ್ ಇಷ್ಟ, ಸಂಸ್ಕೃತ ಮೂಲ. ಇಡೀ ಕ್ಲಾಸು. ಒಂದು ಮಗುವೂ ಪುಸ್ತಕದ್ದು ಬರೀಲಿಲ್ಲ. ನನಗೆ ಮೊದಲು ನಗು ಬಂತು. ಮತ್ತೆ ನಸೀಮಾಳ ಪೇಪರು ಬಂತು, ಮುತ್ತಿನಂಥ ಅಕ್ಷರ. ಆ ಶಿಬಿರಗಳಲ್ಲಿ ಎಂತ ಆಯ್ತು ಅಂತ ಪ್ರಶ್ನೆ. ಅವಳು ಬರೆದದ್ದು ಎರಡೇ ಸಾಲು. ಅವರನ್ನು ರೈಲಿನಲ್ಲಿ ಕಳುಹಿಸಿದರು. ಸರ್ ಈ ಭಾಗವನ್ನು ಆಕ್ಟ್ ಮಾಡಲಿಲ್ಲ, ಆದ್ದರಿಂದ ಇದು ಇಂಪಾರ್ಟೆಂಟ್ ಅಲ್ಲ.

“ಎಂತಾಯ್ತು?” ಅಂತ ನಿನ್ನಮ್ಮ ಕೇಳಿದ್ಳು. ನಾನು ಓದಿ ಹೇಳಿದೆ. ಅವಳು ಪೇಪರನ್ನು ನನ್ನ ಕೈಯಿಂದ ತಕೊಂಡು ತಾನೇ ಇನ್ನೊಂದು ಸಲ ಓದಿದ್ಳು.

ಗುರುವಾರ ಮೇಡಂ ಪೇಪರು ನೋಡುವವರು. ಬುಧವಾರ ನಾನು ಕ್ಲಾಸಿಗೆ ಹೋಗಿ ಬಾಗಿಲು ಹಾಕಿ ಹೇಳಿದೆ, ಉತ್ತರ ಪತ್ರಿಕೆ ವಾಪಸ್ ಕೊಡ್ತೇನೆ, ಎಲ್ಲರೂ ಸರಿಯಾದ್ದು ಬರೀರಿ. ಹೌದು, ಕಳ್ಳ ಕೆಲಸವೇ, ನಾನೇನು ಸಾಧು ಅಂತ ನಿಮಗೆ ಹೇಳಿದೆನಾ? “ಫಾಸಿ ಇಷ್ಟ ನಾನು ಕಟ್ಟಿದ ಸುಳ್ಳು. ಆ ಶಬ್ದ ಇಟಲಿಯವರದ್ದೇ. ಹಿಡಿಸೂಡಿ, ಕಡ್ಡಿ ಪೊರಕೆಯ ಹಾಗೆ ಕೋಲುಗಳನ್ನು ಒಟ್ಟು ಮಾಡಿ ಕಟ್ಟಿದ ಒಂದು ಕಟ್ಟು, ನಡುವೆ ಕೊಡಲಿ, ಅದು ಹಳೇ ರೋಮಿನಲ್ಲಿ ಅಧಿಕಾರದ ಗುರುತು.” ಮಕ್ಕಳು ನನ್ನ ಮುಖ ನೋಡಿದ್ರು. ಮತ್ತೆ ನಕ್ಕರು. ಜೋರಾಗಿ. ನಸೀಮಾ ಎದ್ದು ಹೇಳಿದ್ಳು, “ಸರ್, ಯು ಆರ್ ಟೆಸ್ಟಿಂಗ್ ಅಸ್. ಸುಳ್ಳು ಅಂತ ಹೇಳುವವರು ಬಚ್ಚಿಡುವವರು ಅಂತ ನೀವೇ ಹೇಳಿದ್ದು.” ನಾನು ಆಣೆ ಹಾಕಿದೆ, ನಗು. ಸಿಟ್ಟು ಮಾಡಿದೆ, ಇನ್ನೂ ನಗು, ಸರ್ ಸಿಟ್ಟಿನ ಆಕ್ಟ್ ಮಾಡ್ತಾರೆ ಅಂತ. ಶಿಬಿರದ ಪುಟ ತೆಗೆದು ಓದ್ಲಿಕ್ಕೆ ಸುರು ಮಾಡಿದೆ, ಹಿಂದಿನ ಬೆಂಚಿನಿಂದ ಒಬ್ಬ ರೈಲಿನ ಕೂಗು ಹಾಕಿದ, ಅದಕ್ಕೂ ನಗು.  ನಾನು ಸತ್ತೇ ಬಿದ್ದಿದ್ರೂ ಅವತ್ತು ಅವರು ಒನ್ಸ್ ಮೋರ್ ಹೇಳ್ತಿದ್ರು.

ಹೊರಗೆ ಬಂದು ನಲ್ಲಿಯ ಹತ್ರ ನಿಂತೆ. ಪೇಪರುಗಳನ್ನು ಎಲ್ಲಾದ್ರೂ ಬಿಸಾಡಿ ಕಳೆದುಹೋಯ್ತು ಅನ್ನಬಹುದಿತ್ತು. ಗುಟ್ಟಾಗಿ ಮೇಡಂ ಕಾಲು ಹಿಡೀಬಹುದಿತ್ತು. ಎರಡರಲ್ಲೂ ನಿನ್ನಮ್ಮ ಇಲ್ಲಿ ಉಳೀತಿದ್ಳು. ಆದ್ರೆ ಆ ಎರಡು ಸಾಲು ಆ ಹುಡುಗಿಯ ತಲೆಯಲ್ಲೂ ಉಳೀತಿತ್ತು, ಅವಳು ದೊಡ್ಡವಳಾಗಿ ಅದನ್ನು ಇನ್ನೊಬ್ಬರಿಗೆ ಹೇಳ್ತಿದ್ಳು, ಮುತ್ತಿನಂಥ ಅಕ್ಷರದಲ್ಲಿ. ಹೋಗಿ ಲೋಬೋ ಮೇಡಂ ಅವರನ್ನು ಕರ್ಕೊಂಡು ಬಂದೆ. ಕ್ಲಾಸಿನ ಎದುರೇ ನಿಂತು ಹೇಳಿದೆ, “ಮೇಡಂ, ನಾನು ಎಂಎ ಅಲ್ಲ, ಬಿಕಾಂ ಕೂಡ ಅರ್ಧ. ಸರ್ಟಿಫಿಕೇಟು ಯಾವ ಊರಿಂದಲೂ ಬರುವುದಿಲ್ಲ. ಇವರಿಗೆ ಹೇಳಿಕೊಟ್ಟದ್ದರಲ್ಲಿ ಸುಳ್ಳುಂಟು, ನಾನು ಹೇಳಿದ್ರೆ ಈಗ ನಂಬುವುದಿಲ್ಲ. ನೀವು ಹೇಳಿ.” ಒಂದಿಬ್ಬರು ಇನ್ನೂ ನಗ್ತಾ ಇದ್ರು. ಮೇಡಂ ನಗ್ಲಿಲ್ಲ. ಸ್ಕೇಲನ್ನು ಮೆಲ್ಲ ಮೇಜಿನ ಮೇಲಿಟ್ರು. ಆಗ ಸದ್ದು ನಿಂತಿತು.

“ಆ ಪುಟ ಓದಿ,” ಅಂದ್ರು ನನಗೆ. ಓದಿದೆ. ಯಾವ ಸ್ವರವೂ ಹಾಕ್ಲಿಲ್ಲ. ಶಿಬಿರಕ್ಕೆ ಕರ್ಕೊಂಡು ಹೋಗುವಾಗ ಆ ಜನರಿಗೆ ಹೇಳಿದ್ರಂತೆ, ಸೂಟ್‌ಕೇಸಿನ ಮೇಲೆ ಹೆಸರು ದೊಡ್ಡದಾಗಿ ಬರೀರಿ, ವಾಪಸ್ ಸಿಗ್ತದೆ ಅಂತ. ಅವರು ಬರೆದ್ರು. ನಿಮಗೆ ಗೊತ್ತುಂಟಲ್ಲ, ನಾವು ಊರಿಗೆ ಹೋಗುವಾಗ ಕಾರ್ಟನಿಗೆ ಹಗ್ಗ ಬಿಗಿದು ಮಾರ್ಕರಲ್ಲಿ ಹೆಸರು ಬರೆಯುವುದು, ಆ ಕ್ಲಾಸಿನಲ್ಲಿ ಅಪ್ಪ ಮೊಣಕಾಲೂರಿ ಹಾಗೆ ಬರೆದದ್ದನ್ನು ನೋಡದ ಮಗು ಇರ್ಲಿಲ್ಲ.  ನಸೀಮಾ ತಲೆ ಬಗ್ಗಿಸಿದವಳು ಎತ್ತಲಿಲ್ಲ.

ವರಾಂಡದಲ್ಲಿ ಮೇಡಂ ಹೇಳಿದ್ರು, “ನನ್ನ ಹತ್ರ ಒಬ್ಬಳ ಹತ್ರ ಹೇಳ್ಬಹುದಿತ್ತು ವಾಮನ್. ನಲವತ್ತು ಮಕ್ಕಳೆದುರು ಹೇಳಿದ್ಮೇಲೆ ನಾನು ಎಂತ ಮಾಡ್ಲಿ?” ಅವರ ಕಣ್ಣು ಕೆಂಪಾಗಿತ್ತು. ಟೀಚರ್ ಕೆಲಸ ಹೋಯ್ತು, ಗುಮಾಸ್ತನದ್ದೂ ಹೋಯ್ತು, ವೀಸಾ ಕ್ಯಾನ್ಸಲ್. ನಿನ್ನಮ್ಮ ಹೇಳಿದ್ದು ಒಂದೇ ಮಾತು, “ಮದುವೆಯಾದ ಮೇಲೆ ಒಂದು ಸಲ ನಿಜ ಹೇಳಿದ್ರಿ, ಅದು ಈ ವಾರವೇ ಆಗ್ಬೇಕಿತ್ತಾ?” ಮತ್ತೆ ಎದ್ದು ಬಟ್ಟೆ ಮಡಚಿದ್ಳು. ಅಬುಧಾಬಿ ಏರ್‌ಪೋರ್ಟಿನಲ್ಲಿ ನಾನು ಅವಳನ್ನು ಬೀಳ್ಕೊಟ್ಟೆ, ಅಳ್ತಾಳೆ ಅಂತ ವೀಲ್‌ಚೇರು ದೂಡುತ್ತಾ ಬಸ್ ಕರೆಯುವವನ ಸ್ವರದಲ್ಲಿ “ಮಂಗ್ಳೂರ್, ಮಂಗ್ಳೂರ್” ಅಂದೆ, ಅವಳು ನಕ್ಕೇ ಒಳಗೆ ಹೋದ್ಳು. ನಾನು ಅಬುಧಾಬಿಯ ಬಂದರು ಅಲ್ ಮೀನಾದಲ್ಲಿ ಹೊಸ ವೀಸಾ ಕೊಟ್ಟ ಒಂದು ಮೀನಿನ ಅಂಗಡಿಗೆ ಸೇರಿ ಐಸ್ ಒಡೆದೆ. ನೀನು ಹುಟ್ಟಿದ ಸುದ್ದಿ ಬಂದಾಗ ನನ್ನ ಕೈ ಮೊಣಕೈವರೆಗೆ ಐಸಿನಲ್ಲಿತ್ತು, ಫೋನನ್ನು ಬೇರೊಬ್ಬ ಕಿವಿಗೆ ಹಿಡಿದ. ನಿನ್ನನ್ನು ನೋಡುವಾಗ ನೀನು ನಡೀತಾ ಇದ್ದೆ. ನನ್ನನ್ನು ನೋಡಿ ಓಡಿ ಹೋಗಿ ಅಜ್ಜಿಯ ಸೆರಗಿನ ಹಿಂದೆ ನಿಂತೆ.

ಎಂತ ಸುಜಾತ? ಕಿಟಕಿಯಿಂದ ನಿನ್ನಮ್ಮ ಎಂತ ಹೇಳ್ತಾಳೆ ಕೇಳಿ. “ಏರ್‌ಪೋರ್ಟಿಗೆ ನನ್ನನ್ನು ಕರ್ಕೊಂಡು ಹೋದದ್ದು ಲೋಬೋ ಮೇಡಂ. ವೀಲ್‌ಚೇರು ದೂಡಿದ್ದೂ ಅವರೇ. ಅದನ್ನೂ ಹೇಳಿ ಮಕ್ಕಳಿಗೆ.”

ಹೌದು. ನಾನು ಹೋಗ್ಲಿಲ್ಲ. ರೂಮಿನಲ್ಲಿ ಪ್ಲೈವುಡ್ ಗೋಡೆಗೆ ಮುಖ ಮಾಡಿ ಕೂತಿದ್ದೆ, ಅವಳ ಮುಖ ನೋಡುವ ಧೈರ್ಯ ಇರ್ಲಿಲ್ಲ. ಇಷ್ಟು ವರ್ಷ ಸ್ನೇಹಿತರಿಗೆಲ್ಲ ಈ ಕಥೆಯ ಆ ಪುಟ ಹಾರಿಸಿಯೇ ಹೇಳ್ತಾ ಬಂದೆ. ಯಾರಾದ್ರೂ ಚಂದ ಮಾಡಿ ಕಥೆ ಹೇಳಿದ್ರೆ ಕೇಳಿ, ನಗಿ, ಬೇಡ ಅನ್ನುವುದಿಲ್ಲ. ಆದ್ರೆ ಯಾವ ಪುಟ ಹಾರಿಸಿದ ಅಂತ ಒಂದು ಸಲ ಕೇಳ್ಲೇಬೇಕು, ಸ್ವಂತ ಅಪ್ಪನೇ ಆದ್ರೂ. ಆಯ್ತು, ಏಳಿ, ಕೈ ತೊಳ್ಕೊಳ್ಳಿ, ಊಟಕ್ಕಾಯ್ತು.