ಬೋರಕ್ಕನ ಹುರುಳಿ ಗಡಿಗೆ

"ಗಡಿಗೇಲಿರೋ ಹುರುಳಿ ಬೇಯಿಸಬ್ಯಾಡ. ಹುಲ್ಲಿಗೆ ಹಾಕು."

ಇಷ್ಟೇ ಹೇಳಿದಳು ಬೋರಕ್ಕ. ಗಂಡನ ಕೈ ಹಿಡಿದಿದ್ದಳು. ಕೈ ಸಡಿಲ ಆಯ್ತು.

ಯಾವೂರು ಅಂತ ಕೇಳಬ್ಯಾಡಿ. ಆ ಊರಿನ ದಾರಿ ಬಲ್ಲ ಎತ್ತು ಸತ್ತು ಬಾಳ ಕಾಲ ಆಯ್ತು. ಒಂದೂರಿತ್ತು. ಊರ ಹಿಂದೆ ಗುಡ್ಡ. ಗುಡ್ಡದ ಇಳಿಜಾರಿಗೆ ಹುಲ್ಲಿನ ಕಾವಲು. ಊರ ದನವೆಲ್ಲ ಮೇಯೋದು ಅಲ್ಲೇ. ಮೇಯಿಸೋನು ಕ್ಯಾತಯ್ಯ. ಅವನ ಹೆಂಡತಿ ಈ ಬೋರಕ್ಕ. ಮಕ್ಕಳಿರಲಿಲ್ಲ. ದನ ಇದ್ವು, ಕಾವಲಿತ್ತು, ಇಬ್ಬರಿಗೆ ಸಾಕಿತ್ತು.

ಹೆಂಡತಿ ಹೋದ ಮನೆ ಹೆಂಗಿರ್ತದೆ? ನನ್ನ ಕೇಳಿದ್ರೆ ಹೇಳಬಲ್ಲೆ. ಬ್ಯಾಡ. ಕಥೆ ಕೇಳಿ.

ಬೋರಕ್ಕ ಎರಡು ವರ್ಷ ಹಾಸಿಗೆ ಹಿಡಿದಿದ್ದಳು. ಅದೇ ಎರಡು ವರ್ಷ ಕಾವಲೂ ಸೊರಗಿತ್ತು. ಮೊದಲು ಮೊಣಕಾಲುದ್ದ ಹುಲ್ಲು, ಹುಲ್ಲಿನ ಸಂದೀಲಿ ಹುರುಳಿ ಬಳ್ಳಿ. ಈಗ ಹುಲ್ಲು ಪಾದ ಮುಚ್ಚಲ್ಲ, ಅದೂ ಹಳದಿ. ಬಳ್ಳಿ ಒಂದೂ ಇಲ್ಲ. ದನ ಹೋದಂಗೇ ಬರ್ತಿದ್ವು, ಹೊಟ್ಟೆ ಬೆನ್ನಿಗೆ ಅಂಟಿಸಿಕೊಂಡು.

ಊರ ಗೌಡ ಹೇಳಿಬಿಟ್ಟಿದ್ದ. "ಹಿಂಗಾರು ಹೊತ್ತಿಗೆ ಹುಲ್ಲು ಬರದಿದ್ರೆ ಕಾವಲಿಗೆ ನೇಗಿಲು ಇಳಿಸ್ತೀನಿ. ದನ ಸಂತೆಗೆ ಹೊಡೀರಿ."

ಕಾವಲು ಹೋದ್ರೆ ದನ ಹೋಯ್ತು. ದನ ಹೋದ್ರೆ ಕ್ಯಾತಯ್ಯನಿಗೆ ಏನುಳೀತು? ಗಡಿಗೆ ಒಂದು.

ಆ ಗಡಿಗೆಗೂ ಕಣ್ಣು ಬಿತ್ತು, ಕೇಳಿ.

ಮೊದಲು ಬಂದಳು ಅಕ್ಕ ಪಾಲಕ್ಕ. "ತಮ್ಮಾ, ನಾಳೆ ಮೂರನೇ ದಿನದ ಹಾಲುತುಪ್ಪ. ಎಡೆಗೆ ಹುರುಳಿ ಬೇಕು. ಸತ್ತೋಳ ಕಾಳು ಸತ್ತೋಳ ಎಡೆಗೆ, ಹಿಂದಿನಿಂದ ನಡ್ಕೊಂಡು ಬಂದದ್ದು."

"ಬೇಯಿಸಲ್ಲ ಅಕ್ಕ."

"ಹಸ್ಕೊಂಡು ಹೋಗ್ತಾಳೆ ಕಣೋ."

"ಅವಳೇ ಹೇಳಿದ್ದು."

"ಸಾಯೋರು ಏನೇನೋ ಅಂತಾರೆ. ನಮ್ಮತ್ತೆ ಸಾಯುವಾಗ ಕೋಳಿ ಎಣಿಸ್ತಿದ್ಲು. ಮನೇಲಿ ಕೋಳೀನೇ ಇರಲಿಲ್ಲ."

"ಬೇಯಿಸಲ್ಲ."

ಪಾಲಕ್ಕ ಬರೀ ಅನ್ನದ ಎಡೆ ಇಟ್ಟಳು. ಮುಖ ಊದಿಸಿಕೊಂಡು ಮನೆಗೆ ಹೋದಳು.

ಆಮೇಲೆ ಬಂದ ಗೌಡ. "ಏನ್ಲಾ ಕ್ಯಾತ, ಉಳೋಕೆ ಎತ್ತಿಗೆ ಕಸುವು ಬೇಕು. ಆ ಹುರುಳಿ ಕೊಡು, ಬೇಯಿಸಿ ಇಡ್ತೀನಿ."

"ಕಾವಲು ಉಳೋ ಎತ್ತಿಗೆ ಕಾವಲಿನೋನ ಹುರುಳಿನಾ ಗೌಡ್ರೇ?"

ಗೌಡ ನಕ್ಕ. "ಕೇಳೋದು ಕೇಳಿದೆ ಕಣಪ್ಪ."

"ಬೇಯಿಸಲ್ಲ."

ಮೂರನೆಯದು ಹೊಟ್ಟೆ. ಅದು ಬಾಗಿಲು ತಟ್ಟಿ ಬರಲ್ಲ. ಬೋರಕ್ಕ ಹೋದ ಮೇಲೆ ಅವನ ಒಲೆ ಉರಿದಿರಲಿಲ್ಲ. ಉಣ್ತಿದ್ದದ್ದು ಅಕ್ಕನ ಮನೇಲಿ. ಅಕ್ಕ ಮುನಿದಿದ್ದಳು, ಕರೀಲಿಲ್ಲ. ಕ್ಯಾತಯ್ಯ ಗಡಿಗೆ ನೋಡಿದ. ಗಡಿಗೆ ಅವನ್ನ ನೋಡ್ತು. "ಬೇಯಿಸಲ್ಲ" ಅಂದ ಹೊಟ್ಟೆಗೆ. ನೀರು ಕುಡಿದು ಮಲಗಿದ. ಆಮೇಲೆ ದನ ಕಾಯೋದಕ್ಕೆ ಊರೋರು ಕೊಡೋ ಮುದ್ದೇಲಿ ದಿನ ತಳ್ಳಿದ.

ಮುಂಗಾರು ಬಿತ್ತು. ಗಡಿಗೆ ಬಾಯಿಗೆ ಬಡಿದಿದ್ದ ಸಗಣಿ ಒಡೆದ. ಒಳಗೆ ಕಾಳು, ಕಾಳಿಗೆ ಬೂದಿ. ಹುಳ ಹಿಡೀಬಾರದು ಅಂತ ಬೂದಿ ಬೆರೆಸಿಡೋದು ಎಲ್ಲರಿಗೂ ಗೊತ್ತಲ್ಲ? ಕ್ಯಾತಯ್ಯ ಮೊರ ತಗೊಂಡ. ಕೇರಿದ. ಬೂದಿ ಅಂಗಳದ ಪಾಲಾಯ್ತು. ಕಾಳು ಮಿಂದು ಬಂದಂಗೆ ಹೊಳೀತು.

ಗಡಿಗೆ ಹೊತ್ತು ಗುಡ್ಡ ಹತ್ತಿದ. ಗುಡ್ಡದ ಬುಡದಲ್ಲಿ ಬೋರಕ್ಕನ ಚಾಪೆ ಸುಟ್ಟ ಜಾಗ. ಸತ್ತೋರ ಚಾಪೆ ಊರಾಚೆ ಸುಡಬೇಕಲ್ಲ, ಅಲ್ಲೇ ಸುಟ್ಟಿದ್ರು. ಅತ್ತ ನೋಡಬಾರದು ಅಂತ ಮುಖ ತಿರುಗಿಸಿ ಬಿರಬಿರನೆ ನಡೆದ. ಕಾಲು ಎಡವಿತು. ಒಂದು ಹಿಡಿ ಕಾಳು ಚೆಲ್ತು. ಬಗ್ಗಿ ಆರಿಸಲಿಲ್ಲ. ಹೋದ.

ಹುಲ್ಲಿನ ಸಂದು ಸಂದು ಕೆರೆದು ಅರ್ಧ ಕಾಳು ಹಾಕಿದ. ಅರ್ಧ ಉಳಿಸಿದ. ಬೀಜ ಪೂರಾ ಬಿತ್ತಿದೋನು ಬಾಗಿಲು ಬಾಗಿಲು ತಿರುಗ್ತಾನೆ. ಆಮೇಲೆ ತನ್ನ ತಿಪ್ಪೆ ಬಗೆದ. ಇದ್ದಬದ್ದ ಗೊಬ್ಬರವೆಲ್ಲ ಹೊತ್ತು ಕಾವಲಿಗೆ ಸುರಿದ.

ಹುಲ್ಲು ಎದ್ದಿತು ನೋಡಿ. ಕಪ್ಪು ಹಸಿರು. ಜನ "ಭೇಷ್ ಕ್ಯಾತಯ್ಯ" ಅಂದ್ರು. ಹುರುಳಿ? ಅದು ಹುಲ್ಲಿನ ಕೆಳಗೆ. ಹುಲ್ಲು ಅದಕ್ಕೆ ಬಿಸಿಲು ಬಿಡಲಿಲ್ಲ. ಬೆಳ್ಳಗಾಯ್ತು, ಬಾಗ್ತು, ಕೊಳೀತು. ದನ ಒಂದು ಸಲ ಹುಲ್ಲು ಮೇದ್ವು. ಎರಡನೆ ಸಲ ಹುಲ್ಲು ಏಳಲಿಲ್ಲ. ನೆಂಟರ ಮನೆ ಊಟದ ಹಂಗೆ, ಒಂದು ಹೊತ್ತಿನ ಸೊಗಸು. ಮತ್ತೆ ಹಳದಿ.

ಗೌಡ ಬಂದು ನೋಡಿದ. ಹೋಗಿ ನೇಗಿಲಿಗೆ ಹೊಸ ಕಬ್ಬಿಣದ ಗುಳ ಬಡಿಸಿದ.

ಕ್ಯಾತಯ್ಯ ಬಂಡೆ ಮೇಲೆ ಕೂತ. ಒಂದು ಕರು ಗುಂಪು ಬಿಟ್ಟು ಗುಡ್ಡದ ಬುಡಕ್ಕೆ ಹೋಯ್ತು. ಕರೆದ, ಬರಲಿಲ್ಲ. ಗದರಿದ, ಬರಲಿಲ್ಲ. ಕಲ್ಲು ಬೀರಿದ, ಬರಲಿಲ್ಲ. ಎದ್ದು ಹೋದ. ಚಾಪೆ ಸುಟ್ಟ ಜಾಗ. ನೋಡಲೇಬೇಕಾಯ್ತು.

ಏನು ಕಂಡ? ಹುಲ್ಲು ಸೊಂಟದುದ್ದ. ಹುಲ್ಲಿಗೆ ಹುರುಳಿ ಬಳ್ಳಿ ಸುತ್ತಿಕೊಂಡಿದೆ. ಇದು ಅದನ್ನ ಹಿಡಿದಿದೆ, ಅದು ಇದನ್ನ ಹೊತ್ತಿದೆ. ಅವನು ಚೆಲ್ಲಿದ ಹಿಡಿ ಕಾಳು. ಒಂದು ಬಳ್ಳಿ ಕಿತ್ತ. ಬೇರಿನ ತುಂಬ ಸಣ್ಣ ಸಣ್ಣ ಗಂಟು. ಒಂದು ಗಂಟು ಹಿಸುಕಿದ. ಒಳಗೆ ಕೆಂಪು, ನೆತ್ತರಿನ ಹಂಗೆ. ಮಣ್ಣು ಮುಟ್ಟಿದ. ಗೊಬ್ಬರ ಇಲ್ಲ. ಬೂದಿ.

ಆಗ ನೆನಪಾಯ್ತು. ಬೋರಕ್ಕ ದಿನಾ ಒಲೆ ಬೂದಿ ಬುಟ್ಟಿಗೆ ಹಾಕ್ಕೊಂಡು ಆಚೆ ಹೋಗ್ತಿದ್ದಳು. ತಿಪ್ಪೆಗೆ ಅಂದ್ಕೊಂಡಿದ್ದ. ತಿಪ್ಪೆ ಇದ್ದದ್ದು ಮನೆ ಎಡಕ್ಕೆ. ಅವಳು ಹೋಗ್ತಿದ್ದದ್ದು ಬಲಕ್ಕೆ, ಗುಡ್ಡದ ಕಡೆಗೆ.

ಬೂದಿ ಹುರುಳಿಗೆ. ಹುರುಳಿ ಹುಲ್ಲಿಗೆ. ಹುಲ್ಲು ದನಕ್ಕೆ. ಅವನು ಮೊರದಲ್ಲಿ ಕೇರಿ ಎಸೆದದ್ದು ಅದನ್ನೇ.

ಬೂದಿ ಬೇಕಲ್ಲ ಈಗ? ಅವನ ಒಲೆ ತಣ್ಣಗಿದೆ. ಬುಟ್ಟಿ ತಗೊಂಡು ಊರೊಳಕ್ಕೆ ಹೋದ.

"ಅವ್ವಾ, ಬೂದಿ ಕೊಡ್ರವ್ವಾ."

"ಬೆಳಗಾಗೆದ್ದು ಬೂದಿ ಕೇಳ್ತಾನಲ್ಲೇ ಇವನು" ಅಂದಳು ಒಬ್ಬಳು.

"ಒಲೆ ಬೂದಿ ಇನ್ನೊಬ್ಬರ ಕೈಗೆ ಕೊಟ್ರೆ ಮನೆ ಲಕ್ಷ್ಮಿ ಹೋಗ್ತಾಳೆ ಕಣಯ್ಯ. ಗೊತ್ತಿಲ್ವಾ?" ಅಂದಳು ಇನ್ನೊಬ್ಬಳು.

"ಕೈಗೆ ಕೊಡಬ್ಯಾಡಿ. ಹೊಸ್ತಿಲ ಆಚೆ ಸುರೀರಿ. ನಾನು ಬಳ್ಕೋತೀನಿ. ಕಾವಲಲ್ಲಿ ಬಿದ್ದ ಸಗಣಿ ಹೊತ್ತು ತಂದು ಒಲೆಗೆ ಕುಳ್ಳು ತಟ್ತೀರಿ. ಸಗಣಿ ನಿಮಗಿರ್ಲಿ. ಬೂದಿಯಾದ್ರೂ ಕಾವಲಿಗೆ ವಾಪಸ್ ಹೋಗ್ಲಿ."

ಹೆಂಗಸರು ಮುಖ ಮುಖ ನೋಡ್ಕೊಂಡ್ರು. ಯಾರು ಸುರಿದ್ರು ಮೊದಲು? ಪಾಲಕ್ಕ. "ಬೋರಿ ಮಾತು ಸುಳ್ಳಾದ್ರೆ ನಿನ್ನ ತಲೆ ಮೇಲೆ ಸುರೀತೀನಿ" ಅಂದಳು. ಸುರಿದಳು. ಊಟಕ್ಕೂ ಕರೆದಳು.

ಅವನಿಗೆ 'ಬೂದಿ ಕ್ಯಾತ' ಅಂತ ಹೆಸರು ಬಿತ್ತು. ಬೀಳ್ಲಿ. ಹೋದ, ಬಳಿದ, ಹೊತ್ತ. ಹೋದ, ಬಳಿದ, ಹೊತ್ತ. ಉಳಿದ ಅರ್ಧ ಗಡಿಗೆ ಕಾಳು ಬೂದಿ ಸಮೇತ ಬಿತ್ತಿದ. ಬಳ್ಳಿ ಕಾಲೂರೋ ತನಕ ದನ ಅತ್ತ ಬಿಡಲಿಲ್ಲ. ಕೆರೆ ಅಂಗಳದಲ್ಲಿ ಮೇಯಿಸಿದ.

ಹಿಂಗಾರು ಬಂತು. ಗೌಡನೂ ಬಂದ, ಹೊಸ ಗುಳದ ನೇಗಿಲು, ಜೋಡಿ ಎತ್ತು. ಕಾವಲಿಗೆ ಕಾಲಿಟ್ಟ. ಎತ್ತುಗಳು ತಲೆ ಬಗ್ಗಿಸಿದ್ವು. ಅಷ್ಟೇ. ನೊಗ ಹೊತ್ತುಕೊಂಡೇ ಮೇಯೋಕೆ ಶುರು. ಗೌಡ ಹುರಿದುಂಬಿಸಿದ, ತಲೆ ಎತ್ತಲಿಲ್ಲ. ಬಾಲ ತಿರುವಿದ, ಎತ್ತಲಿಲ್ಲ. ಬಾರುಕೋಲು ಬೀಸಿದ, ಎತ್ತಲಿಲ್ಲ. ಹುಲ್ಲೊಂದು ತುತ್ತು, ಹುರುಳಿ ಒಂದು ತುತ್ತು.

ಗೌಡ ಸುಸ್ತಾಗಿ ನಿಂತ. ಕಾವಲು ಉದ್ದಕ್ಕೂ ನೋಡಿದ.

"ಏನು ಹಾಕಿದ್ಯಲಾ ಇದಕ್ಕೆ?"

"ನಿಮ್ಮನೆ ಒಲೆ ಬೂದಿ, ಗೌಡ್ರೇ. ಗೌಡ್ತಿ ದಿನಾ ಸುರೀತಾರೆ."

"ಎತ್ತಿಗೆ ಹುರುಳಿ ಕೊಡಲ್ಲ ಅಂದಿದ್ಯಲ್ಲ ನೀನು."

"ಬೇಯಿಸಿ ಕೊಡಲ್ಲ ಅಂದಿದ್ದೆ."

ಗೌಡ ಬಾರುಕೋಲು ಕೆಳಗೆ ಹಾಕಿದ. ಆಮೇಲೆ ತಾನೇ ಬಗ್ಗಿ ನೊಗ ಇಳಿಸಿದ. ನೇಗಿಲು ಹೆಗಲ ಮೇಲೆ ಹೊತ್ತು ಮನೆಗೆ ಹೋದ. ಎತ್ತುಗಳು ಸಂಜೆಗೆ ಬಂದ್ವು, ತಾವಾಗೇ.

ಕ್ಯಾತಯ್ಯ ಒಂದು ಮೂಲೆ ದನ ಬಿಡದೆ ಕಾಯ್ದ. ಕಾಯಿ ಬಲಿತ್ವು. ಬಡಿದ, ಬೂದಿ ಬೆರೆಸಿದ, ಗಡಿಗೆ ತುಂಬಿದ, ಬಾಯಿಗೆ ಸಗಣಿ ಬಡಿದ. ಒಂದು ಹಿಡಿ ಆಚೆ ಉಳೀತು.

ಪಾಲಕ್ಕ ಬಂದು ಹೊಸ್ತಿಲಲ್ಲಿ ನಿಂತಳು. ಆ ಹಿಡಿ ಕಾಳು ನೋಡಿದಳು.

ಕ್ಯಾತಯ್ಯ ಒಲೆ ಹಚ್ಚಿದ. ಬೋರಕ್ಕ ಹೋದ ಮೇಲೆ ಅದೇ ಮೊದಲು. ಹಿಡಿ ಹುರುಳಿ ಬೇಯಿಸಿದ. ಎಲೆ ಹಾಕಿ ಎಡೆ ಇಟ್ಟ. ಎಡೆ ಎತ್ತಿದ ಮೇಲೆ ಅಕ್ಕ ತಮ್ಮ ಎದುರು ಬದುರು ಕೂತು ಉಂಡ್ರು.

"ಉಪ್ಪು ಕಮ್ಮಿ" ಅಂದಳು ಪಾಲಕ್ಕ.

"ಅವಳಿಗೆ ಹಂಗೇ ಬೇಕು" ಅಂದ.

ದನ ಕೊಟ್ಟಿಗೆ ಸೇರಿದ್ವು. ಕಥೆ ನಿಮ್ಮ ಮಡಿಲು ಸೇರ್ತು. ಮೆಲುಕು ಹಾಕೋದು ನಿಮ್ಮ ಪಾಲು. ಒಂದೇ ಮಾತು ಉಳಿದದ್ದು. ಮಾರನೆ ಬೆಳಿಗ್ಗೆ ಕ್ಯಾತಯ್ಯ ಏನು ಮಾಡಿದ?

ಬುಟ್ಟಿ ತಗೊಂಡ. ಯಾರ ಬಾಗಿಲಿಗೂ ಹೋಗೋ ಮುಂಚೆ ತನ್ನ ಒಲೆ ಮುಂದೆ ಕೂತ. ಬೂದಿ ಆರಿತ್ತು. ಎರಡೂ ಕೈಲಿ ಬಳಿದ. ಬುಟ್ಟಿಗೆ ಹಾಕಿದ. ಮನೆಯಿಂದ ಇಳಿದು ಬಲಕ್ಕೆ ತಿರುಗಿದ.