ಅಂಬರಾಯನ ಕೋಲು

ಹಗಲು ಹೊತ್ತಿನಲ್ಲಿ ಹೇಳಿದರೆ ನಗುತ್ತೀರಿ. ಅದಕ್ಕೇ ಈ ಹೊತ್ತಿಗೆ ಹೇಳುವುದು.

ಇದು ನಡೆದದ್ದು ವಾಡಿಯ ಭೀಮಶ್ಯಾನಿಗೆ. ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ದವಾಖಾನೆಗಳ ಎಕ್ಸ್‌ರೇ ಮಿಷನ್ ರಿಪೇರಿ ಅವನ ಕೆಲಸ. ಕಾಯಂ ನೌಕರಿ ಅಲ್ಲ, ಗುತ್ತಿಗೆ. ಕರೆದಾಗ ಓಡಬೇಕು, ಸಾಕು ಎಂದಾಗ ಚೀಲ ಎತ್ತಿಕೊಂಡು ಬರಬೇಕು.

ಹೋದ ಚಳಿಗಾಲ. ಚಿತ್ತಾಪುರದಿಂದ ಸೇಡಂ ಕಡೆ ಹೋಗುವ ಕೊನೆಯ ಬಸ್ಸು ಅವನನ್ನು ಒಂದು ಕ್ರಾಸಿನಲ್ಲಿ ಇಳಿಸಿ ಹೋಯಿತು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನೋಟಿಸು ಬರುವುದು ನನಗಲ್ಲ, ಅಲ್ಲಿ ಇನ್ನೂ ದುಡಿಯುತ್ತಿರುವ ಒಬ್ಬ ಹುಡುಗಿಗೆ.

ಕ್ರಾಸಿನಿಂದ ದವಾಖಾನೆಗೆ ಒಂದು ಮೈಲು. ಎರಡೂ ಕಡೆ ತೊಗರಿ ಹೊಲ. ಒಣಗಿದ ಕಾಯಿ ಗಾಳಿಗೆ ಗಲಗಲ ಎನ್ನುತ್ತಿದ್ದವು. ದೂರದಲ್ಲಿ ಸಿಮೆಂಟಿನ ಗೂಡ್ಸ್ ಗಾಡಿ ಧಡಕ್... ಧಡಕ್... ಎಂದು ಹೋಗುತ್ತಿತ್ತು. ಆಮೇಲೆ ಅದೂ ನಿಂತಿತು. ಹೆಗಲ ಚೀಲದೊಳಗಿನ ಪಾನಾ, ಇಕ್ಕಳ ಒಂದಕ್ಕೊಂದು ತಾಗುವ ಸಪ್ಪಳ ಮಾತ್ರ ಉಳಿಯಿತು.

ದಾರಿಯಲ್ಲಿ ಒಂದು ಆಲದ ಮರ. ಮರದ ಕೆಳಗೆ ಬಾವಿ. ಬಾವಿಯ ಗಾಲಿ ತಿರುಗುತ್ತಿತ್ತು... ಕಿರ್ರ್... ಕಿರ್ರ್...

ಭೀಮಶ್ಯಾ ನಿಂತ. ಗಾಲಿಯೂ ನಿಂತಿತು.

“ಯಾರದು?” ಹೆಣ್ಣಿನ ದನಿ. ಪಿಸುಮಾತು.

“ನಾನ್ರಿ... ವಾಡಿ ಭೀಮಶ್ಯಾ.”

“ಹೆದರಬ್ಯಾಡ. ನಾ ಇನ್ನಾ ಸತ್ತಿಲ್ಲ. ಅಂಬರಾಯನ ಹೆಂಡತಿ.”

ಜಗದೇವಿ. ಅವಳ ಗಂಡ ಅಂಬರಾಯ ಆ ದವಾಖಾನೆಯ ಮೆಕ್ಯಾನಿಕ್ ಆಗಿದ್ದ. ಭೀಮಶ್ಯಾನಿಗೆ ಈ ಕೆಲಸ ಕಲಿಸಿದವನೇ ಅವನು, ಅಣ್ಣ ಎಂದೇ ಭೀಮಶ್ಯಾ ಕರೆಯುತ್ತಿದ್ದ. ಹದಿನಾಲ್ಕು ತಿಂಗಳ ಹಿಂದೆ ಅದೇ ದವಾಖಾನೆಯ ಎಕ್ಸ್‌ರೇ ಖೋಲಿಯಲ್ಲಿ ಮಿಷನ್ ತೆರೆದು ಕೈ ಹಾಕಿದಾಗ ಸತ್ತ. ಕರೆಂಟು ಬಂದ್ ಮಾಡಿಯೇ ಕೈ ಹಾಕಿದ್ದ. ಆದರೂ ಸತ್ತ.

“ಇಷ್ಟೊತ್ತಿನಾಗ ನೀರಿಗಿ ಬಂದೀರಲ್ರಿ ವೈನಿ?”

“ಹಗಲೆಲ್ಲ ಬಾವಿ ಮ್ಯಾಲ ಮಂದಿ ಇರ್ತಾರ. ನಿರ್ಲಕ್ಷ್ಯ ಮಾಡಿ ಸತ್ತವನ ಹೆಂಡತಿ ಬಂದಳು ಅಂತಾರ. ಕೊಡ ತುಂಬೋ ತನಕ ಕೇಳಬೇಕು.”

ಆ ಮಾತು ಮಂದಿ ಹುಟ್ಟಿಸಿದ್ದಲ್ಲ. ಆಫೀಸು ಬರೆದದ್ದು. ಮೂವರು ದೊಡ್ಡ ಮನುಷ್ಯರು ಕುರ್ಚಿಯಲ್ಲಿ ಕುಳಿತು, ಚಹಾ ಕುಡಿದು, “ಮೃತನ ಸ್ವಂತ ನಿರ್ಲಕ್ಷ್ಯ” ಎಂದು ಬರೆದು ಸಹಿ ಹಾಕಿದ್ದರು. ಅವರಲ್ಲಿ ಒಬ್ಬನೂ ಆ ಮಿಷನ್ನಿನ ಬಾಗಿಲು ತೆರೆದು ನೋಡಿರಲಿಲ್ಲ.

“ನಿಮ್ಮಣ್ಣ ಕರೆಂಟ್ ಇಳಿಸೋ ಆ ಕೋಲು ಮೂರು ಸಲ ಬಡೀದೆ ಮಿಷನ್ನಿನಾಗ ಕೈ ಹಾಕಿದ್ದು ನೋಡೀಯೇನು?” ಎಂದಳು ಜಗದೇವಿ.

“ಒಮ್ಮಿನೂ ಇಲ್ರಿ.”

“ಮನ್ಯಾಗ ಅನ್ನದ ಗಡಗಿನೂ ಸೌಟಿಲೆ ಮೂರು ಸಲ ಬಡೀತಿದ್ದ. ಇದರಾಗೂ ಕರೆಂಟ್ ಅದ ಏನು ಅಂತ ನಗತಿದ್ದೆ.” ಅವಳು ನಗಲಿಲ್ಲ. “ನನಗ ಬ್ಯಾರೆ ಏನೂ ಬ್ಯಾಡಪ್ಪ. ಆ ಕಾಗದದಾಗಿನ ಆ ಶಬ್ದ ತಗೀಲಿ. ಸಾಯೋ ವಾರ ಆ ಖೋಲಿಗಿ ಟೈಲ್ಸ್ ಹಾಕಲಿಕತ್ತಿದ್ರು. ಮೈಮ್ಯಾಲೆಲ್ಲ ಬಿಳಿ ಧೂಳ್ ತಗೊಂಡು ಬರ್ತಿದ್ದ. ಆ ಧೂಳ್ ಅಂಗಿ ಇನ್ನಾ ಒಗದಿಲ್ಲ ನಾ.”

ಕೊಡ ಎತ್ತಿಕೊಂಡಳು. ನಾಲ್ಕು ಹೆಜ್ಜೆ ಹೋಗಿ ತಿರುಗಿದಳು.

“ಹುಷಾರ್ ಭೀಮಶ್ಯಾ. ಅವನಷ್ಟು ಹುಷಾರ್ ಇದ್ರ ಸಾಲದು.”

ದವಾಖಾನೆಯಲ್ಲಿ ರುಕ್ಸಾರ್ ಕಾಯುತ್ತಿದ್ದಳು. ಎಕ್ಸ್‌ರೇ ತೆಗೆಯುವ ಹುಡುಗಿ. ಹದಿನಾಲ್ಕು ತಿಂಗಳಿನಿಂದ ತೆಗೆಯಲು ಮಿಷನ್ನೇ ಇಲ್ಲ. ಶಹಾಬಾದಿನ ಕಲ್ಲುಗಣಿಯಲ್ಲಿ ದುಡಿದು, ಎದೆ ತುಂಬ ಧೂಳು ತುಂಬಿಕೊಂಡು, ಕೆಮ್ಮುತ್ತ ಬರುವವರಿಗೆ ಕಲಬುರಗಿಗೆ ಹೋಗಿರೆಂದು ಚೀಟಿ ಬರೆದು ಕೊಡುವುದೇ ಅವಳ ಕೆಲಸವಾಗಿತ್ತು. ಅವರಲ್ಲಿ ಎಷ್ಟು ಜನ ಕಲಬುರಗಿ ಮುಟ್ಟಿದರೋ ಯಾರೂ ಕೇಳಿಲ್ಲ. ಈಗ ಮಾತ್ರ ಅವಸರ. ಬೆಳಗಾದರೆ ತಪಾಸಣೆ ತಂಡ ಬರುವುದಿತ್ತು.

“ಸಾಹೇಬ್ರು ನಾಕು ಸಲ ಫೋನ್ ಮಾಡ್ಯಾರಣ್ಣ,” ಎಂದಳು. “ಲೈಟ್ ಹತ್ತಿದ್ರ ಸಾಕಂತ. ಚಿತ್ರ ಬರೋದು ಬ್ಯಾಡಂತ.”

“ಹಂಗಾದ್ರ ನನ್ನ ಯಾಕ ಕರೆಸ್ಯಾರ? ಒಂದು ಬಲ್ಬ್ ತಂದು ಹಚ್ಚಬೇಕಿತ್ತು.”

ಎಕ್ಸ್‌ರೇ ಖೋಲಿಯ ಹೊರಗೆ ಸಾಲಾಗಿ ಮೂರು ಮೊಳೆ. ಮೊಳೆಗೆ ಬ್ಯಾಡ್ಜು. ಅಲ್ಲಿ ದುಡಿಯುವವರು ಎದೆಗೆ ಹಚ್ಚಿಕೊಳ್ಳುವಂಥವು. ಮೈಗೆ ಎಷ್ಟು ಕಿರಣ ತಾಗಿತೆಂದು ಅಳೆಯುತ್ತವೆ. ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗುತ್ತವೆ, ಒಬ್ಬೊಬ್ಬರ ಹೆಸರಿನ ಮುಂದೆ ಅಂಕಿ ಬರೆದು ವರದಿ ಬರುತ್ತದೆ. ಒಂದು ರುಕ್ಸಾರಳದು, ಇನ್ನೊಂದು ವಾರ್ಡಿನ ಆಳಿನದು. ಮೂರನೆಯ ಬ್ಯಾಡ್ಜಿನ ಮೇಲೆ ಅಂಬರಾಯನ ಹೆಸರು.

“ಇದಿನ್ನಾ ಅದ ಏನು?”

“ಹೆಸರು ತಗೀರಿ ಅಂತ ಎರಡು ಸಲ ಬರದು ಕೊಟ್ಟೀನಿ. ತಗದಿಲ್ಲ. ಹೋಗ್ತದ, ಬರ್ತದ. ಸೊನ್ನಿ ಬರ್ತದ. ಸತ್ತವರಿಗಿ ಮತ್ತೇನ್ ಬರ್ತದಣ್ಣ?”

ಹೆಂಡತಿ ಮುಂದೆ ನಿಂತಾಗ ಆಫೀಸಿಗೆ ಅವನ ನೆನಪು ಇರುವುದಿಲ್ಲ. ಪಟ್ಟಿಯಲ್ಲಿ ಮಾತ್ರ ಇನ್ನೂ ಡ್ಯೂಟಿ ಮೇಲಿದ್ದ.

ಭೀಮಶ್ಯಾ ಒಳಗೆ ಹೋದ. ಬಾಗಿಲು ಎಳೆದುಕೊಂಡ. ಸೀಸದ ತಗಡು ಹೊಡೆದ ಬಾಗಿಲು. ಮುಚ್ಚಿಕೊಂಡರೆ ಹೊರಗಿನ ಒಂದು ಸಪ್ಪಳವೂ ಒಳಗೆ ಬರುವುದಿಲ್ಲ.

ಕೆಳಗೆ ಶಹಾಬಾದ್ ಕಲ್ಲಿನ ಹಾಸು. ಗೋಡೆಗೆ ಬಿಳಿ ಟೈಲ್ಸು. ಮೂಲೆಯಲ್ಲಿ ಮಿಷನ್ನಿಗೆ ಕರೆಂಟು ಕೊಡುವ ಜನರೇಟರ್ ಪೆಟ್ಟಿಗೆ, ಕಪಾಟಿನಷ್ಟು ಎತ್ತರ. ಮೇನ್ ಸ್ವಿಚ್ ಎತ್ತಿದ. ಗುಂಯ್... ಎಂದಿತು. ಒಳಗೆ ರಿಲೇ ಕಟಕ್ ಎಂದಿತು. ಕೆಂಪು ದೀಪ ಎರಡು ಸಲ ಮಿಟುಕಿ ಆರಿತು. ಮತ್ತೆ ಎತ್ತಿದ. ಮತ್ತೆ ಅದೇ. ದೋಷ ಒಳಗಿದೆ ಎಂದು ಸ್ವಿಚ್ ಇಳಿಸಿದ. ತನ್ನ ಬೀಗ ಹಾಕಿದ. ಬೀಗದ ಕೈ ಉಡದಾರಕ್ಕೆ ಕಟ್ಟಿಕೊಂಡ. ಯಾರೂ ಗೊತ್ತಿಲ್ಲದೆ ಸ್ವಿಚ್ ಎತ್ತಬಾರದೆಂದು. ಇದೂ ಅಂಬರಾಯ ಕಲಿಸಿದ್ದೇ.

ಪೆಟ್ಟಿಗೆಯ ಬಾಗಿಲು ತೆರೆದ. ಒಳಗೆ ಸಾಲಾಗಿ ಡಬ್ಬಿಯಂಥ ಕೆಪಾಸಿಟರುಗಳು. ಮೇನ್ ಇಳಿಸಿದರೂ ಕರೆಂಟನ್ನು ಹಿಡಿದಿಟ್ಟುಕೊಳ್ಳುವುದು ಇವೇ. ಆ ಕರೆಂಟು ತಾನಾಗಿ ಇಳಿದು ಹೋಗಲು ಒಂದು ರೆಸಿಸ್ಟರ್ ಇರುತ್ತದೆ. ಅದು ಸುಟ್ಟಿದ್ದರೆ ಇಳಿಯುವುದಿಲ್ಲ. ಅದಕ್ಕೇ ಕೋಲು. ಮರದ ಹಿಡಿ, ಹಿತ್ತಾಳೆ ಮೂತಿ, ಮೂತಿಯಿಂದ ಒಂದು ಹಸಿರು ವಯರು ಗೋಡೆಯೊಳಗೆ ಹೋಗಿ ಭೂಮಿಗೆ ಸೇರುತ್ತದೆ. ಕೋಲು ತಾಗಿಸಿದರೆ ಉಳಿದ ಕರೆಂಟು ಚಟ್ ಎಂದು ಕಿಡಿ ಹಾರಿಸಿ ಭೂಮಿಗೆ ಹೋಗುತ್ತದೆ. ಕಿಡಿ ಹಾರದಿದ್ದರೆ ಖಾಲಿ ಎಂದು ಅರ್ಥ.

ಅಂಬರಾಯನ ಕೋಲು ಪೆಟ್ಟಿಗೆಯ ಪಕ್ಕದ ಮೊಳೆಗೆ ತೂಗುತ್ತಿತ್ತು. ಹಿಡಿ ಅವನ ಅಂಗೈ ಉಜ್ಜಿ ಉಜ್ಜಿ ನುಣುಪಾಗಿತ್ತು.

ಭೀಮಶ್ಯಾ ಬಡಿದ. ಟಕ್. ಟಕ್. ಟಕ್.

ಕಿಡಿ ಇಲ್ಲ. ಚಟ್ ಎಂಬ ಸಪ್ಪಳವಿಲ್ಲ. ಖಾಲಿ.

ಚೀಲದಲ್ಲಿ ಮೀಟರ್ ಇತ್ತು. ತೆಗೆಯಲಿಲ್ಲ. ಅವಸರ... ಮತ್ತೆ ಅದು ಅಣ್ಣನ ಕೋಲು. ಕೋಲನ್ನು ಮೊಳೆಗೆ ಹಾಕಿ, ಅಂಗಿ ತೋಳು ಮಡಚಿ, ಕೈ ಒಳಗೆ ಒಯ್ದ...

ಟಕ್... ಟಕ್... ಟಕ್...

ಕೈ ಹಿಂದೆ ತೆಗೆದ. ರುಕ್ಸಾರ್ ಬಾಗಿಲು ಬಡಿದಳು ಎಂದುಕೊಂಡು ಹೋಗಿ ತೆರೆದ. ಅವಳು ಪಡಸಾಲೆಯ ಆ ತುದಿಯಲ್ಲಿ ಬೆಂಚಿನ ಮೇಲೆ ಕುಳಿತಿದ್ದಳು.

“ಬಾಗಲಾ ಬಡದಿಯೇನು ತಂಗಿ?”

“ಇಲ್ಲಣ್ಣ. ಯಾಕ?”

“ಏನಿಲ್ಲ.”

ಮತ್ತೆ ಬಾಗಿಲು ಮುಚ್ಚಿದ. ಮತ್ತೆ ಕೈ ಒಯ್ದ. ಬೆರಳಿಗೂ ಕೆಪಾಸಿಟರಿಗೂ ನಡುವೆ ಒಂದು ಗೇಣು...

ಟಕ್. ಟಕ್. ಟಕ್.

ಈ ಸಲ ಗೊತ್ತಾಯಿತು. ಬಾಗಿಲಲ್ಲ, ಗೋಡೆ. ಹಸಿರು ವಯರು ಟೈಲ್ಸಿನೊಳಗೆ ಹೋಗುವ ಜಾಗ. ಹಿತ್ತಾಳೆ ಮೂತಿಯ ಸಪ್ಪಳ... ಒಳಗಿನಿಂದ. ಕೋಲು ಮೊಳೆಗೆ ತೂಗುತ್ತಿತ್ತು, ಅಲುಗಿರಲಿಲ್ಲ.

ಭೀಮಶ್ಯಾ ಮೊಣಕಾಲೂರಿ ಟೈಲ್ಸಿನ ಮೇಲೆ ಅಂಗೈ ಇಟ್ಟ. ಆ ಚಳಿಯಲ್ಲಿ ಟೈಲ್ಸು ಬೆಚ್ಚಗಿತ್ತು.

“ಅಣ್ಣಾ...” ಎಂದ.

ಅಂಗೈ ಕೆಳಗೆ ಇನ್ನೊಮ್ಮೆ... ಟಕ್.

ಅವನು ಚೀಲ ಎಳೆದು ಮೀಟರ್ ತೆಗೆದ. ಒಂದು ತುದಿ ಕೋಲಿನ ಮೂತಿಗೆ, ಇನ್ನೊಂದು ಸ್ವಿಚ್ ಬೋರ್ಡಿನ ಅರ್ಥಿಂಗ್‌ಗೆ. ಕೋಲಿನ ವಯರು ಭೂಮಿಗೆ ಸೇರಿದ್ದರೆ ಮೀಟರ್ ಕೂಗಬೇಕು. ಕೂಗಲಿಲ್ಲ. ರಬ್ಬರ್ ಗ್ಲೌಸ್ ಹಾಕಿಕೊಂಡು ಕೆಪಾಸಿಟರಿಗೆ ಮೀಟರ್ ಹಚ್ಚಿದ.

ಐನೂರಾ ನಲವತ್ತು ವೋಲ್ಟ್.

ಖಾಲಿ ಎಂದುಕೊಂಡದ್ದು ತುಂಬಿ ಕುಳಿತಿತ್ತು. ಒಂದು ಗೇಣು. ಅಷ್ಟೇ ಉಳಿದಿತ್ತು ಅವನಿಗೂ ಅಂಬರಾಯನಿಗೂ ನಡುವೆ.

ಆ ಕರೆಂಟು ಇಳಿಸಲು ಎರಡು ಬಲ್ಬು ಒಂದರ ಹಿಂದೆ ಒಂದು ಜೋಡಿಸಿ, ಉದ್ದ ವಯರಿನಿಂದ ಕೆಪಾಸಿಟರಿಗೆ ಹಚ್ಚಿದ. ಭಗ್ ಎಂದು ಬೆಳಗಿದವು, ಕೆಂಪಾದವು, ಆರಿದವು. ಮತ್ತೆ ಮೀಟರ್ ಇಟ್ಟು ಸೊನ್ನೆ ಬರುವ ತನಕ ನೋಡಿದ. ಆಮೇಲೆ ಚಾಣದಿಂದ ಆ ಟೈಲ್ಸು ಒಡೆದ.

ಹಿಂದೆ ಹಸಿರು ವಯರು ಇತ್ತು. ಒಂದು ಗೇಣು ಒಳಗೆ ಹೋಗಿ ನಿಂತಿತ್ತು. ಇಕ್ಕಳದಿಂದ ಕತ್ತರಿಸಿದ ತುದಿ. ತುದಿಗೆ ಕರಿ ಟೇಪು ಸುತ್ತಿತ್ತು. ತುಂಡಾಗಿದ್ದಲ್ಲ ಅದು, ತುಂಡು ಮಾಡಿದ್ದು. ಭೂಮಿಯಿಂದ ಬರುವ ಇನ್ನೊಂದು ತುದಿ ಮೇಲಕ್ಕೆ ತಿರುಗಿ, ಗೋಡೆ ದಾಟಿ, ಪಕ್ಕದ ಖೋಲಿಗೆ ಹೋಗಿತ್ತು. ಅದು ಸಾಹೇಬರ ಖೋಲಿ. ಟೈಲ್ಸು ಹಾಕಿದ ವಾರವೇ ಅಲ್ಲಿ ಎಸಿ ಕೂಡಿಸಿದ್ದರು. ಹೊಸ ಅರ್ಥಿಂಗ್ ತೋಡುವ ಬದಲು ಇದ್ದದ್ದನ್ನೇ ಕದ್ದಿದ್ದರು. ಒಬ್ಬನ ಖೋಲಿ ತಂಪಾಗಲು ಇನ್ನೊಬ್ಬ ಮನುಷ್ಯ ಸುಟ್ಟುಹೋದ.

ಅಂಬರಾಯ ಅಂದು ಮೂರು ಸಲ ಬಡಿದಿದ್ದ. ಕಿಡಿ ಹಾರಲಿಲ್ಲ, ನಂಬಿದ. ಅವನ ಬಳಿ ಮೀಟರ್ ಇರಲಿಲ್ಲ. ಮೀಟರ್ ಕೊಡಿಸಿರೆಂದು, ಸುಟ್ಟ ರೆಸಿಸ್ಟರ್ ಬದಲಿಸಿರೆಂದು ಮೂರು ಅರ್ಜಿ ಬರೆದಿದ್ದ. ಮೂರಕ್ಕೂ ಠಸ್ಸೆ ಬಿದ್ದಿತ್ತು. ಮೀಟರ್ ಬರಲಿಲ್ಲ.

ಭೀಮಶ್ಯಾ ಫೋಟೋ ತೆಗೆದ. ಟೇಪಿನ ತುದಿಯನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡ. ಬೀಗ ತೆಗೆಯಲಿಲ್ಲ. ಪೆಟ್ಟಿಗೆಯ ಮೇಲೆ ಚೀಟಿ ಅಂಟಿಸಿದ: ಮುಟ್ಟಬಾರದು. ಕೋಲಿಗೆ ಅರ್ಥಿಂಗ್ ಇಲ್ಲ.

ಬೆಳಿಗ್ಗೆ ಸಾಹೇಬ ಬಂದು ಟೈಲ್ಸು ನೋಡಿದ.

“ಗ್ವಾಡಿ ಒಡೀಲಿಕ್ಕಿ ಯಾರ್ ಹೇಳ್ಯಾರ ನಿನಗ?”

“ಅಂಬರಾಯ ಹೇಳ್ಯಾನ್ರಿ,” ಎಂದ ಭೀಮಶ್ಯಾ.

ಸಾಹೇಬನ ಮುಖ ಸುಣ್ಣದಂತಾಯಿತು. ಒಂದೇ ಕ್ಷಣ. ಆಮೇಲೆ ಗೌಂಡಿಯನ್ನು ಕರೆಸಿದ. ತಪಾಸಣೆ ತಂಡ ಬಂತು, ಬೀಗ ನೋಡಿತು, “ರಿಪೇರಿ ಪ್ರಗತಿಯಲ್ಲಿದೆ” ಎಂದು ಬರೆದು, ಉಪ್ಪಿಟ್ಟು ತಿಂದು ಹೋಯಿತು. ಮಧ್ಯಾಹ್ನದೊಳಗೆ ಗೋಡೆ ಮತ್ತೆ ಬಿಳಿ. ಭೀಮಶ್ಯಾನ ಗುತ್ತಿಗೆ ರದ್ದು. ಅವನು ಫೋಟೋ ಸಮೇತ ಕಳಿಸಿದ ವರದಿಗೆ ಒಂದು ಸಾಲಿನ ಉತ್ತರ ಬಂತು. ಪ್ರಕರಣ ಮುಕ್ತಾಯವಾಗಿದೆ. ಆ ಶಬ್ದ ಕಾಗದದಲ್ಲಿ ಹಾಗೆಯೇ ಕೂತಿದೆ.

ಆ ವಯರಿನ ತುಂಡನ್ನು ಅವನು ಜಗದೇವಿಯ ಕೈಗೆ ಕೊಟ್ಟ.

“ಅಣ್ಣ ಬಡದಿದ್ದ ವೈನಿ. ಮೂರು ಸಲನೂ ಬಡದಿದ್ದ.”

ಅವಳು ಕರಿ ಟೇಪನ್ನು ಉಗುರಿನಿಂದ ಎಬ್ಬಿಸಿ ನೋಡಿದಳು.

“ನನಗ ಮೊದಲೇ ಗೊತ್ತಿತ್ತು,” ಎಂದಳು. “ನಿಮಗ ಗೊತ್ತಾಗಲಿಕ್ಕಿ ಇಷ್ಟು ದಿನ ಹಿಡೀತು.”

ಈಗ ಆಕೆ ಹಗಲು ಹೊತ್ತಿನಲ್ಲೇ ನೀರಿಗೆ ಹೋಗುತ್ತಾಳೆ. ಸೆರಗಿನ ತುದಿಗೆ ಆ ತುಂಡು ಕಟ್ಟಿಕೊಂಡೇ ಹೋಗುತ್ತಾಳೆ. ಯಾರಾದರೂ ಬಾಯಿ ತೆರೆದರೆ ಬಿಚ್ಚಿ ಬಾವಿಕಟ್ಟೆಯ ಮೇಲೆ ಇಡುತ್ತಾಳೆ.

ಇನ್ನೊಂದು ಉಳಿಯಿತು. ಮೂರು ತಿಂಗಳಾದ ಮೇಲೆ ಒಂದು ಸಂಜೆ ರುಕ್ಸಾರ್ ವಾಡಿಗೆ ಬಂದಳು. ನಮ್ಮ ಕಟ್ಟೆಯ ಮೇಲೆಯೇ ಕುಳಿತಳು. ಪರ್ಸಿನಿಂದ ಒಂದು ಕಾಗದ ತೆಗೆದಳು. ಬ್ಯಾಡ್ಜುಗಳ ವರದಿ. ಭೀಮಶ್ಯಾ ಹೋದ ರಾತ್ರಿಯೂ ಸೇರಿದ ಮೂರು ತಿಂಗಳದ್ದು.

ಮಿಷನ್ ಆ ರಾತ್ರಿ ಒಂದು ಕಿರಣವನ್ನೂ ಬಿಟ್ಟಿರಲಿಲ್ಲ. ಆಮೇಲೂ ಬಿಟ್ಟಿಲ್ಲ. ಮೇನ್ ಸ್ವಿಚ್ಚಿಗೆ ಭೀಮಶ್ಯಾನ ಬೀಗ ಇಂದಿಗೂ ಇದೆ. ಒಡೆಯಬೇಕೆಂದರೆ ಯಾರಾದರೂ ಸಹಿ ಮಾಡಬೇಕು, ಯಾರೂ ಮಾಡುತ್ತಿಲ್ಲ. ಬೀಗದ ಕೈ ಅವನ ಉಡದಾರದಲ್ಲಿದೆ. ನಾನು ನೋಡಿದ್ದೇನೆ, ಮುಟ್ಟಿದ್ದೇನೆ.

ಆ ಕಾಗದವನ್ನೂ ಈ ಕೈಯಲ್ಲೇ ಹಿಡಿದು ಓದಿದ್ದೇನೆ. ಮೂರು ಹೆಸರು. ರುಕ್ಸಾರಳ ಮುಂದೆ ಸೊನ್ನೆ. ವಾರ್ಡಿನವನ ಮುಂದೆ ಸೊನ್ನೆ.

ಅಂಬರಾಯನ ಮುಂದೆ ಸೊನ್ನೆ ಇರಲಿಲ್ಲ.