ಬಿಡುಗಡೆಯಾದವನ ಅಂಗಿ

ದೀಪ ಸ್ವಲ್ಪ ಸಣ್ಣ ಮಾಡಿ. ಬಾಗಿಲು ಹಾಕಿದೆ ತಾನೆ? ಸರಿ... ಇದು ಅವರಿವರ ಬಾಯಿಂದ ಬಂದ ಕತೆಯಲ್ಲ. ನಮ್ಮ ದೊಡ್ಡಪ್ಪನ ಮಗ ವರ್ಲಿನ್‌ಗೆ ಆದದ್ದು. ಆಗ ಅವನು ಇಲ್ಲೇ ನಮ್ಮ ಕೌಂಟಿ ಜೈಲಿನಲ್ಲಿ ಕಾವಲುಗಾರನಾಗಿದ್ದ.

ಜನವರಿ ತಿಂಗಳು. ಬಿದ್ದ ಹಿಮ ಕಲ್ಲಾಗಿತ್ತು. ಪಾಳಿ ಮುಗಿಸಿ, ನಡುರಾತ್ರಿ ಕಳೆದ ಮೇಲೆ ವರ್ಲಿನ್ ಒಬ್ಬನೇ ಮನೆ ಕಡೆ ಹೊರಟಿದ್ದ. ಚರ್ಚಿನ ಹಿಂದೆ ಆ ಹಳೇ ಬಾವಿ ಇದೆಯಲ್ಲ, ಮೇಲೆ ಚಪ್ಪಡಿ ಮುಚ್ಚಿ ಕೈಪಂಪು ಕೂರಿಸಿದ್ದಾರಲ್ಲ, ಅದೇ ದಾರಿ. ಚಳಿಗಾಲದಲ್ಲಿ ಆ ಪಂಪನ್ನು ಯಾರೂ ಮುಟ್ಟುವುದಿಲ್ಲ. ಒಳಗಿನ ನೀರು ಹೆಪ್ಪುಗಟ್ಟಿರುತ್ತದೆ, ಹಿಡಿ ಅಲ್ಲಾಡುವುದಿಲ್ಲ.

ಆವತ್ತು ಅಲ್ಲಾಡುತ್ತಿತ್ತು.

ಕಿರ್ರ್... ಠಣ್. ಕಿರ್ರ್... ಠಣ್.

"ಯಾರದು?" ಅಂದ ವರ್ಲಿನ್, ಪಿಸುದನಿಯಲ್ಲಿ.

ಸದ್ದು ನಿಂತಿತು.

ಟಾರ್ಚು ಬಿಟ್ಟ. ಪಂಪಿಗೆ ಬೆನ್ನು ಕೊಟ್ಟು ಆರ್ಲಿಸ್ ಕೋಂಬ್ಸ್ ಕೂತಿದ್ದ. ಸ್ವಲ್ಪ ಹೊತ್ತಿಗೆ ಮುಂಚೆ ವರ್ಲಿನ್ನೇ ಜೈಲಿನ ಬಾಗಿಲು ತೆಗೆದು ಹೊರಗೆ ಬಿಟ್ಟಿದ್ದ ಕೈದಿ. ಕಣ್ಣು ತೆರೆದೇ ಇದ್ದವು. ವರ್ಲಿನ್‌ನ ಬಾಯಿಂದ ಉಸಿರು ಹೊಗೆಯ ಹಾಗೆ ಬರುತ್ತಿತ್ತು... ಆರ್ಲಿಸ್‌ನ ಬಾಯಿಂದ ಏನೂ ಬರುತ್ತಿರಲಿಲ್ಲ. ಕೆನ್ನೆ ಮುಟ್ಟಿ ನೋಡಿದ. ಪಂಪಿನ ಕಬ್ಬಿಣಕ್ಕೂ ಅವನಿಗೂ ವ್ಯತ್ಯಾಸವಿರಲಿಲ್ಲ.

ಈ ಆರ್ಲಿಸ್ ಕಲ್ಲಿದ್ದಲು ಗಣಿಯವನು. ಹೆಂಡದಂಗಡಿಯಲ್ಲಿ ಯಾರ ಜೊತೆಗೋ ಹೊಡೆದಾಡಿ ಒಳಗೆ ಬಂದಿದ್ದ. ಸಕ್ಕರೆ ಕಾಯಿಲೆ ಇತ್ತು, ದಿನಾ ಸೂಜಿ ಬೇಕು. ಹೆಂಡತಿ ಔಷಧ ತಂದುಕೊಟ್ಟಳು. ಹೊರಗಿನ ಔಷಧ ಕೈದಿಗೆ ಕೊಡಬೇಕಾದರೆ ಡಾಕ್ಟರು ಹೇಳಬೇಕು, ಅದು ಕಾನೂನು. ಡಾಕ್ಟರನ್ನು ಜೈಲರು ಕರೆಸಬೇಕು, ಅದೂ ಕಾನೂನೇ. ನಮ್ಮ ಜೈಲರ್ ಹೋಬಾರ್ಟ್ ಸ್ಕ್ಯಾಗ್ಸ್ ಮೊದಲನೆಯದನ್ನು ಪಾಲಿಸಿದ, ಎರಡನೆಯದನ್ನು ಮರೆತ. ಮರೆತನೇನು, ಬೇಕೆಂದೇ ಕರೆಸಲಿಲ್ಲ. ಆರ್ಲಿಸ್ ನೀರು ನೀರು ಅಂತ ಕಂಬಿ ಹಿಡಿದು ಕೂಗಿದರೆ, "ಇವನ ಹೊಟ್ಟೇಲಿ ಬಾವಿ ತೋಡವ್ರೇನ್ರೋ?" ಅಂತ ನಗುತ್ತಿದ್ದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಹಾಗೆ.

ಕೈದಿ ಕಂಬಿಯ ಒಳಗಿರುವ ತನಕ ಅವನ ಊಟ, ಔಷಧ, ಆಸ್ಪತ್ರೆ ಎಲ್ಲ ಕೌಂಟಿ ಸರ್ಕಾರದ ತಲೆ ಮೇಲೆ. ಹೊಸಿಲು ದಾಟಿದನೋ, ಅವನ ಪಾಡು ಅವನಿಗೆ. ಅದಕ್ಕೇ ಕೈದಿ ಉಳಿಯುವುದಿಲ್ಲ ಅಂತ ಕಂಡರೆ ಜಡ್ಜರನ್ನು ನಿದ್ದೆಯಿಂದ ಎಬ್ಬಿಸಿ ಸಹಿ ಹಾಕಿಸಿ ಹೊರಗೆ ಬಿಡುವುದು ಇಲ್ಲಿಯ ಪದ್ಧತಿ. ಅದಕ್ಕೆ ಕರುಣೆಯ ಬಿಡುಗಡೆ ಅಂತ ಹೆಸರು ಬೇರೆ! ಆ ರಾತ್ರಿ ಆರ್ಲಿಸ್‌ಗೂ ಅದೇ ಕರುಣೆ ಸಿಕ್ಕಿತ್ತು.

ವರ್ಲಿನ್ ಎದ್ದು ಬಿದ್ದು ವಾಪಸ್ ಓಡಿದ. ಜೈಲಿಗೆ ಅಂಟಿಕೊಂಡೇ ಸ್ಕ್ಯಾಗ್ಸ್‌ನ ಮನೆ. ಅಡುಗೆಮನೆಯಲ್ಲಿ ಕೂತು, ಮಜ್ಜಿಗೆಯಲ್ಲಿ ಜೋಳದ ರೊಟ್ಟಿ ಮುರಿದು ಹಾಕಿಕೊಂಡು ತಿನ್ನುತ್ತಿದ್ದ.

"ಸಾಹೇಬ್ರೇ... ಆರ್ಲಿಸ್ ಹೋಗ್ಬಿಟ್ಟ. ಬಾವಿ ಹತ್ರ."

"ಹೊರಗೆ ತಾನೆ? ಹೊರಗೆ ಹೋದೋನು ಹೋದ. ನಮ್ದೇನು?"

"ಮೈ ಮೇಲೆ..."

"ಏನ್ಲಾ ಮೈ ಮೇಲೆ?"

"ಜೈಲಿನ ಬಟ್ಟೆನೇ ಐತೆ."

ಚಮಚ ಬಟ್ಟಲಿಗೆ ಬಿತ್ತು. ಠಣ್.

"ಕತ್ತೆ ನನ್ ಮಗನೇ! ಬಿಡೋವಾಗ ಬಟ್ಟೆ ಬಿಚ್ಚಿಸ್ಬೇಕು ಅನ್ನೋ ಬುದ್ಧಿ ಬೇಡ್ವಾ? ಕೌಂಟಿ ಬಟ್ಟೇಲಿ ಸಿಕ್ಕಿದ್ರೆ ಕೌಂಟಿ ಹೆಣ ಕಣೋ ಅದು! ವಿಚಾರಣೆ, ಪೇಪರ್‌ನೋರು... ನನ್ ಕೆಲ್ಸಕ್ಕೂ ಕಲ್ಲು, ನಿನ್ ಕೆಲ್ಸಕ್ಕೂ ಕಲ್ಲು." ಕಪಾಟಿನಿಂದ ಒಂದು ಗಂಟು ತಂದು ಎದೆಗೆ ಎಸೆದ. ಆರ್ಲಿಸ್ ಒಳಗೆ ಬಂದ ದಿನ ಬಿಚ್ಚಿಸಿಟ್ಟಿದ್ದ ಬಟ್ಟೆ. "ಹೋಗು. ಬೆಳಕಾಗೋದ್ರೊಳ್ಗೆ ಬದ್ಲಾಯ್ಸು."

"ನನ್ ಕೈಲಾಗಲ್ಲ ಸಾಹೇಬ್ರೇ."

"ಸತ್ತೋನಿಗೇ ನಾಚ್ಕೆ ಇಲ್ಲ, ನಿಂಗ್ಯಾಕೋ?"

ವರ್ಲಿನ್ ಹೋದ. ಹೋಗಬಾರದಿತ್ತು. ಇದನ್ನು ಅವನ ಮುಖಕ್ಕೇ ಹೇಳಿದ್ದೇನೆ. ಮನೆಯಲ್ಲಿ ಬಸುರಿ ಹೆಂಡತಿ, ಕೆಲಸ ಹೋದರೆ ಮತ್ತೆ ಗಣಿಯೇ ಗತಿ ಅಂತ ಹೆದರಿ ಹೋದ.

ಬಾವಿಯ ಹತ್ತಿರ ಗಾಳಿಯೂ ಇರಲಿಲ್ಲ. ಟಾರ್ಚನ್ನು ಹಿಮದ ಮೇಲಿಟ್ಟು ಗುಂಡಿ ಬಿಚ್ಚತೊಡಗಿದ. ಚಟ್... ಚಟ್... ಒಂದೊಂದು ಗುಂಡಿಗೂ ಅಷ್ಟು ದೊಡ್ಡ ಸದ್ದು. ತೋಳು ಮಡಿಯಲಿಲ್ಲ, ಜೈಲಿನ ಅಂಗಿಯನ್ನು ಹರಿದೇ ಎಳೆದು ತೆಗೆದ. ಹೇಗೋ ಪ್ಯಾಂಟು ಬದಲಾಯಿಸಿದ. ಅಂಗಿ ಉಳಿಯಿತು. ಬರೀ ಮೈಯಲ್ಲಿ ಆರ್ಲಿಸ್ ಹಿಮದ ಮೇಲೆ ಕೂತಿದ್ದ. ತೋಳು ಎತ್ತಬೇಕು. ಸೆಟೆದ ಆ ತೋಳನ್ನು ಮತ್ತೆ ಎಳೆಯುವುದಕ್ಕೆ ವರ್ಲಿನ್‌ಗೆ ಧೈರ್ಯ ಬರಲಿಲ್ಲ. ಅಂಗಿ ಬಿಡಿಸಿ ಹಿಡಿದುಕೊಂಡು ಸುಮ್ಮನೆ ನಿಂತ.

ಆಗ...

"ಡಾಕ್ಟ್ರು ಬಂದ್ರಾ, ತಮ್ಮಾ?"

ತುಟಿ ಅಲುಗಿದ್ದನ್ನು ವರ್ಲಿನ್ ಕಂಡ. ದನಿ ಒಣಗಿದ ಎಲೆಯ ಮೇಲೆ ಕಾಲಿಟ್ಟ ಹಾಗಿತ್ತು.

ಬದುಕಿದ್ದಾನೆ! ಒಂದು ಕೂಗು ಹಾಕಿದ್ದರೆ ಪಾದ್ರಿ ಏಳುತ್ತಿದ್ದ. ಹೊತ್ತುಕೊಂಡು ಓಡಿದ್ದರೆ ಬೀದಿಯ ಕೊನೆಯಲ್ಲೇ ಡಾಕ್ಟರ ಮನೆ. ವರ್ಲಿನ್ ಎರಡೂ ಮಾಡಲಿಲ್ಲ. ಸ್ಕ್ಯಾಗ್ಸ್‌ನ ಮುಖವೇ ಕಣ್ಣ ಮುಂದೆ ಬಂತಂತೆ.

"ಬರ್ತಾವ್ರೆ ಆರ್ಲಿಸಣ್ಣ," ಅಂದ. "ಅಂಗಿ ಹಾಕ್ಕೊ... ಬರ್ತಾರೆ."

ಆರ್ಲಿಸ್ ತಾನೇ ತೋಳು ಎತ್ತಿದ. ಮೊದಲು ಒಂದು... ಆಮೇಲೆ ಇನ್ನೊಂದು. ಸ್ಕೂಲಿಗೆ ಹೊರಟ ಮಗು ಅಮ್ಮನ ಮುಂದೆ ಎತ್ತುತ್ತದಲ್ಲ, ಹಾಗೆ. ವರ್ಲಿನ್ ತೋಳು ತೂರಿಸಿದ, ಗುಂಡಿ ಹಾಕಿದ, ಜೈಲಿನ ಬಟ್ಟೆ ಕಂಕುಳಲ್ಲಿ ಅವುಚಿಕೊಂಡ. ಹಿಂದಕ್ಕೆ ನೋಡದೆ ನಡೆದ. ಬೆನ್ನ ಹಿಂದೆ ಇನ್ನೊಂದು ಸಲ ಕೇಳಿತು... "ಬಂದ್ರಾ?"

ಬೆಳಿಗ್ಗೆ ಹೆಣ ಸಿಕ್ಕಿತು ಅಂತ ಊರೆಲ್ಲ ಸೇರಿತು. ಡಾಕ್ಟರ್ ಪ್ರಿವಿಟ್ ಬಂದು ಹಿಮದಲ್ಲಿ ಮೊಣಕಾಲೂರಿ ನೋಡಿದರು. ಸ್ಕ್ಯಾಗ್ಸ್ ಜೇಬಿನಲ್ಲಿ ಕೈಯಿಟ್ಟು ನಿಂತಿದ್ದ. ಅವನ ಹಿಂದೆ ವರ್ಲಿನ್. ನಾನೇ ಕೊಂದೆ, ನಾನೇ ಕೊಂದೆ ಅಂತ ಒಳಗೊಳಗೇ ಬೇಯುತ್ತಿದ್ದ. ಬಾಯಿ ಬಿಟ್ಟು ಹೇಳಿಬಿಡುವುದೇ ಸರಿ ಅಂತ ಒಂದು ಹೆಜ್ಜೆ ಮುಂದೂ ಇಟ್ಟಿದ್ದನಂತೆ.

ಡಾಕ್ಟರು ಸ್ಕ್ಯಾಗ್ಸ್‌ನನ್ನು ಪಕ್ಕಕ್ಕೆ ಕರೆದರು. "ಹೋಬಾರ್ಟ್, ಇವನನ್ನ ಬಿಟ್ಟಿದ್ದು ಯಾವಾಗ?"

"ನಡುರಾತ್ರಿ ಹೊತ್ಗೆ. ತಾನೇ ನಡ್ಕೊಂಡು ಹೋದ. ಬೇಕಾದ್ರೆ ವರ್ಲಿನ್‌ನನ್ನೇ ಕೇಳಿ."

"ಆಗಲ್ಲಪ್ಪ," ಅಂದರು ಡಾಕ್ಟರು, ಮೆಲ್ಲಗೆ. "ಇದು ಬರೀ ಚಳಿಗೆ ಸೆಟೆದ ಮೈಯಲ್ಲ. ನಲವತ್ತು ವರ್ಷದಿಂದ ಹೆಣ ನೋಡ್ತಿದೀನಿ. ಇವನು ನಿನ್ನೆ ಹೊತ್ತು ಮುಳುಗೋ ವೇಳೆಗೇ ಹೋಗಿದಾನೆ. ನಿನ್ನ ಜೈಲಲ್ಲೇ."

ಸ್ಕ್ಯಾಗ್ಸ್ ನಕ್ಕ. ಆ ನಗು ಅರ್ಧಕ್ಕೇ ನಿಂತಿತು.

ವರ್ಲಿನ್‌ಗೂ ಅದು ಕೇಳಿಸಿತು. ಮುಂದಿಟ್ಟ ಹೆಜ್ಜೆ ಹಿಂದಕ್ಕೆ ತೆಗೆದುಕೊಂಡ. ಗಂಟೆಗೊಮ್ಮೆ ಹೋಗಿ ಕೈದಿ ಉಸಿರಾಡುವುದನ್ನು ಕಣ್ಣಾರೆ ನೋಡಬೇಕು ಅನ್ನುತ್ತದೆ ಕಾನೂನು. ಆ ಸಂಜೆ ಪಾಳಿ ಅವನದೇ. ಅವನು ಒಲೆಯ ಹತ್ತಿರ ಕೂತು ದೂರದಿಂದಲೇ ಕತ್ತು ಉದ್ದ ಮಾಡಿ ನೋಡಿದ್ದ. ಆರ್ಲಿಸ್ ಗೋಡೆಗೆ ಮುಖ ಮಾಡಿ ಮಲಗಿದ್ದ. ಕೂಗು ನಿಂತಿತಲ್ಲ, ಸದ್ಯ ಅಂದುಕೊಂಡಿದ್ದ. ರಾತ್ರಿ ಬಾಗಿಲು ತೆಗೆದು, "ಏಳು, ನಿನ್ನ ಬಿಟ್ಟವ್ರೆ" ಅಂದಾಗ, ಎದ್ದು ನಿಲ್ಲಲಾಗದೆ ಬಿದ್ದಿದ್ದ ಮನುಷ್ಯ ಒಂದೇ ಮಾತಿಗೆ ಎದ್ದು ಬಂದಿದ್ದ. "ಹೋಗಿ ಮನೇಲಿ ಸಾಯಿ" ಅಂದಿದ್ದ ಸ್ಕ್ಯಾಗ್ಸ್. ಅದಕ್ಕೂ ತಲೆಯಾಡಿಸಿ ಹೊಸಿಲು ದಾಟಿದ್ದ.

ಡಾಕ್ಟರು ಕೊನೆಗೆ ಸ್ಕ್ಯಾಗ್ಸ್ ಹೇಳಿದ ಹಾಗೇ ಬರೆದರು. ಅವರೂ ಇದೇ ಊರಲ್ಲಿ ಬಾಳಬೇಕಲ್ಲ. ಬಿಡುಗಡೆಯ ನಂತರ ಸಾವು. ಕೌಂಟಿಗೆ ಏನೂ ಸಂಬಂಧವಿಲ್ಲ.

ಶವ ತೊಳೆಯುವಾಗ ಆರ್ಲಿಸ್‌ನ ಹೆಂಡತಿ ವರ್ಲಿನ್‌ನನ್ನೇ ಕೇಳಿದಳು. "ಕೊನೇಲಿ ನೀನೇ ಅಂತೆ ಅಲ್ವಾ ಇದ್ದದ್ದು. ಏನಾದ್ರೂ ಅಂದ್ರಾ?"

"ಇಲ್ಲ ಅಕ್ಕ," ಅಂದ ವರ್ಲಿನ್.

ಅಂಗಿ ಬಿಚ್ಚುವುದಕ್ಕೆ ಯಾರಿಂದಲೂ ಆಗಲಿಲ್ಲ. ಮೊಣಕೈ ಮಡಿಸಲು ಗಟ್ಟಿಮುಟ್ಟಾದ ಗಂಡಸರು ಸೇರಿ ಹೆಣಗಿದರೂ ಆಗಲಿಲ್ಲ. ಕೊನೆಗೆ ಬೆನ್ನಿನುದ್ದಕ್ಕೂ ಕತ್ತರಿ ಹಾಕಿ ತೆಗೆದರು. ಆ ಅಂಗಿ ಈಗಲೂ ಅವಳ ಮನೆಯಲ್ಲಿದೆ. ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ, ದೇವರಾಣೆ. ಬೆನ್ನು ಕತ್ತರಿಸಿದೆ. ಸೆಟೆದ ಮೈಗೆ ಹಾಕಿದ ಅಂಗಿ, ಆದರೂ ತೋಳಿನಲ್ಲಿ ಒಂದು ಹೊಲಿಗೆಯೂ ಬಿಟ್ಟಿಲ್ಲ.